ಪಿಕಪ್ ವಾಹನದಲ್ಲಿ ಸೈಕಲ್ ಸಾಗಣೆ: ಸರಿಯಾದ ವಿಧಾನದ ಆಯ್ಕೆ

ಲೂಧಿಯಾನ ಮೊದಲಾದ ತಯಾರಿಕಾ ಕೇಂದ್ರಗಳಿಂದ ಸೈಕಲ್‌ಗಳು ದೊಡ್ಡ ಲಾರಿಗಳಲ್ಲಿ ನಮ್ಮ ರಾಜ್ಯದ ವಿತರಕರ ಗೋದಾಮುಗಳನ್ನು ತಲುಪುತ್ತವೆ. ಅಲ್ಲಿಂದ ತಾಲ್ಲೂಕು ಕೇಂದ್ರದ ಅಂಗಡಿಯವರೆಗಿನ ಕೊನೆಯ ಹಂತದ ಸಾಗಣೆ ಬಹುತೇಕ ಪಿಕಪ್ ವಾಹನದಲ್ಲಿಯೇ ನಡೆಯುತ್ತದೆ. ಹುಬ್ಬಳ್ಳಿಯ ಗೋದಾಮಿನಿಂದ ಗದಗ, ಹಾವೇರಿ, ರಾಣೆಬೆನ್ನೂರುಗಳ ಅಂಗಡಿಗಳಿಗೆ ಹೋಗುವ ಮಾಲು ಇದಕ್ಕೆ ಉದಾಹರಣೆ. ಈ ಹಂತದಲ್ಲಿ ವ್ಯಾಪಾರಸ್ಥರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: "ಒಂದು ಟ್ರಿಪ್ಪಿಗೆ ಬಾಡಿಗೆ ಎಷ್ಟು?" ಆದರೆ ಲೆಕ್ಕಪತ್ರದ ದೃಷ್ಟಿಯಿಂದ ಕೇಳಬೇಕಾದ ಪ್ರಶ್ನೆ ಬೇರೆ. ಒಂದು ಸೈಕಲ್ ಮಾರಾಟಯೋಗ್ಯ ಸ್ಥಿತಿಯಲ್ಲಿ ಅಂಗಡಿಯಲ್ಲಿ ನಿಲ್ಲುವ ವೇಳೆಗೆ ಅದರ ಮೇಲೆ ಬಿದ್ದ ಒಟ್ಟು ವೆಚ್ಚವೆಷ್ಟು? ಸಾಗಣೆಯ ವಿಧಾನವನ್ನು ಆರಿಸಬೇಕಾದದ್ದು ಈ ಲೆಕ್ಕದ ಮೇಲೆ.

ಸೈಕಲ್ ಜಾಗದ ಸರಕು

ಸಿಮೆಂಟು, ಕಬ್ಬಿಣಗಳಂತೆ ಸೈಕಲ್ ತೂಕದ ಸರಕಲ್ಲ. ಜಾಗ ತಿನ್ನುವ ಸರಕು. ದೊಡ್ಡವರ ಸಾಧಾರಣ ಸೈಕಲ್ಲಿನ ತೂಕ ಸುಮಾರು 18ರಿಂದ 20 ಕಿಲೋ. ಉದ್ದ ಸುಮಾರು 6 ಅಡಿ. ಸುಮಾರು 750 ಕಿಲೋ ಹೊರುವ ಸಣ್ಣ ಪಿಕಪ್ ವಾಹನದ ತೊಟ್ಟಿ ಏಳು ಅಡಿಗಿಂತ ಸ್ವಲ್ಪ ಹೆಚ್ಚು ಉದ್ದ, ಐದು ಅಡಿಗಿಂತ ಸ್ವಲ್ಪ ಕಡಿಮೆ ಅಗಲವಿರುತ್ತದೆ. ತೂಕದ ಲೆಕ್ಕದಲ್ಲಿ ಇಂತಹ ವಾಹನವು 35 ಸೈಕಲ್‌ಗಳನ್ನು ಹೊರಬಲ್ಲದು. ಆದರೆ ಜೋಡಿಸಿದ ಸೈಕಲ್‌ಗಳನ್ನು ಸಾಲಾಗಿ ನಿಲ್ಲಿಸಿದರೆ ಸುಮಾರು 10ಕ್ಕೇ ತೊಟ್ಟಿ ತುಂಬುತ್ತದೆ. ಉಳಿದ ಜಾಗವನ್ನು ಹೇಗಾದರೂ ತುಂಬಿಸಬೇಕೆಂಬ ಆಸೆಯಿಂದಲೇ ಹೆಚ್ಚಿನ ನಷ್ಟಗಳು ಆರಂಭವಾಗುತ್ತವೆ.

ಮೂರು ವಿಧಾನಗಳ ತುಲನೆ

ತಿಳಿವಳಿಕೆಗಾಗಿ ಒಂದು ಕಲ್ಪಿತ ಉದಾಹರಣೆಯನ್ನು ಗಮನಿಸಬಹುದು. ಸೈಕಲ್ಲಿನ ಖರೀದಿ ಬೆಲೆ ತೆರಿಗೆ ಬಿಟ್ಟು ರೂ. 6,000, ವ್ಯಾಪಾರಿಯ ಲಾಭಾಂಶ ರೂ. 600, ಟ್ರಿಪ್ಪಿನ ಬಾಡಿಗೆ ರೂ. 2,400, ಒಂದು ಸೈಕಲ್ ಜೋಡಿಸುವ ಕೂಲಿ, ಗೋದಾಮಿನಲ್ಲಾಗಲಿ ಅಂಗಡಿಯಲ್ಲಾಗಲಿ, ರೂ. 150 ಎಂದಿಟ್ಟುಕೊಳ್ಳೋಣ.

1. ಜೋಡಿಸಿ, ನಿಲ್ಲಿಸಿ ಸಾಗಿಸುವುದು: ಟ್ರಿಪ್ಪಿಗೆ 10 ಸೈಕಲ್. ಪ್ರತಿ ಸೈಕಲ್ಲಿಗೆ ಬಾಡಿಗೆ ರೂ. 240, ಕೂಲಿ ರೂ. 150, ಒಟ್ಟು ರೂ. 390. ಅಂಗಡಿಗೆ ಬಂದ ಕೂಡಲೇ ಮಾರಬಹುದು.

2. ಜೋಡಿಸಿ, ಒಂದರ ಮೇಲೊಂದು ಮಲಗಿಸಿ ಸಾಗಿಸುವುದು: ಟ್ರಿಪ್ಪಿಗೆ 20 ಸೈಕಲ್. ಬಾಡಿಗೆ ರೂ. 120, ಕೂಲಿ ರೂ. 150, ಮೇಲ್ನೋಟಕ್ಕೆ ಒಟ್ಟು ರೂ. 270 ಮಾತ್ರ. ಆದರೆ ಪೆಡಲ್ ತಗುಲಿ ಬಣ್ಣ ಕಿತ್ತುಹೋಗುವುದು, ಮಡ್‌ಗಾರ್ಡ್ ಬಾಗುವುದು, ರಿಮ್ಮು ಸೊಟ್ಟಗಾಗುವುದು ಈ ವಿಧಾನದ ಸಹಜ ದೋಷಗಳು. 20ರಲ್ಲಿ 4 ಸೈಕಲ್‌ಗಳು ಹೀಗೆ ಕೆಟ್ಟು, ದುರಸ್ತಿ ಹಾಗೂ ಬೆಲೆ ರಿಯಾಯಿತಿಯಿಂದ ತಲಾ ರೂ. 700 ನಷ್ಟವಾದರೆ ಒಟ್ಟು ರೂ. 2,800, ಅಂದರೆ ಪ್ರತಿ ಸೈಕಲ್ಲಿಗೆ ರೂ. 140 ಸೇರುತ್ತದೆ. ವೆಚ್ಚ ರೂ. 410ಕ್ಕೆ ಏರಿ, ಉಳಿಸಿದ ಬಾಡಿಗೆ ಪೂರ್ತಿ ಕರಗುತ್ತದೆ.

3. ಕಂಪನಿಯ ರಟ್ಟಿನ ಪೆಟ್ಟಿಗೆಯಲ್ಲಿಯೇ ಸಾಗಿಸುವುದು: ಮುಂಗಾಲಿ, ಹ್ಯಾಂಡಲ್, ಪೆಡಲ್ ಬಿಚ್ಚಿದ ಸೈಕಲ್ಲಿನ ಪೆಟ್ಟಿಗೆ ಸುಮಾರು ನಾಲ್ಕೂವರೆ ಅಡಿ ಉದ್ದ, ಎಂಟು ಅಂಗುಲ ದಪ್ಪ, ಎರಡೂವರೆ ಅಡಿ ಎತ್ತರವಿರುತ್ತದೆ. ಎರಡು ಸಾಲು ಪೇರಿಸಿದರೆ 20 ಪೆಟ್ಟಿಗೆಗಳು ಹಿಡಿಯುತ್ತವೆ. ಬಾಡಿಗೆ ರೂ. 120, ಅಂಗಡಿಯಲ್ಲಿ ಜೋಡಿಸುವ ಕೂಲಿ ರೂ. 150, ಒಟ್ಟು ರೂ. 270.

ಅಂಗಡಿಯಲ್ಲಿ ನುರಿತ ಫಿಟ್ಟರ್ ಇದ್ದವರಿಗೆ ಮೂರನೆಯ ವಿಧಾನವೇ ಲಾಭದಾಯಕ. ಫಿಟ್ಟರ್ ಇಲ್ಲದವರಿಗೆ ಅಥವಾ ಜೂನ್ ತಿಂಗಳಲ್ಲಿ ಶಾಲೆಗಳು ಆರಂಭವಾಗುವಾಗ ತುರ್ತಾಗಿ ಕೆಲವೇ ಸೈಕಲ್ ಬೇಕಾದವರಿಗೆ ಮೊದಲನೆಯದು ಯೋಗ್ಯ. ಎರಡನೆಯ ವಿಧಾನವನ್ನು ಕೈಬಿಡುವುದೇ ಒಳಿತು. ಆಯಾ ವ್ಯಾಪಾರಿಯು ಮೇಲಿನ ಅಂಕಿಗಳ ಜಾಗದಲ್ಲಿ ತನ್ನ ಊರಿನ ಬಾಡಿಗೆ ಹಾಗೂ ಕೂಲಿಯನ್ನಿಟ್ಟು ಲೆಕ್ಕ ಹಾಕಿ ನೋಡತಕ್ಕದ್ದು.

ತುಂಬುವ ಕ್ರಮ

ಜೋಡಿಸಿದ ಸೈಕಲ್‌ಗಳನ್ನು ನಿಲ್ಲಿಸುವಾಗ ಪೆಡಲ್ ಬಿಚ್ಚಿ, ಹ್ಯಾಂಡಲ್ಲನ್ನು ಚೌಕಟ್ಟಿಗೆ ಸಮಾನಾಂತರವಾಗಿ ತಿರುಗಿಸಬೇಕು. ಎಡ ಪೆಡಲ್ಲಿನ ಮರೆ ತಿರುವುಮುರುವಾಗಿರುತ್ತದೆ. ಇದು ತಿಳಿಯದ ಹುಡುಗರು ಬಲವಂತವಾಗಿ ತಿರುಗಿಸಿ ಮರೆಯನ್ನೇ ಕೆಡಿಸುವುದುಂಟು. ಒಂದರ ಮುಂಗಾಲಿ ಇನ್ನೊಂದರ ಹಿಂಗಾಲಿಯ ಪಕ್ಕಕ್ಕೆ ಬರುವಂತೆ ದಿಕ್ಕು ಬದಲಿಸುತ್ತ ಹೋದರೆ ಜಾಗ ಉಳಿಯುತ್ತದೆ. ನಡುವೆ ರಟ್ಟು ಅಥವಾ ಗೋಣಿತಾಟು ಇರಬೇಕು. ಹಗ್ಗವನ್ನು ಚೌಕಟ್ಟಿಗೆ ಬಿಗಿಯಬೇಕೇ ಹೊರತು ಕಡ್ಡಿಗಳಿಗಾಗಲಿ ಬ್ರೇಕಿನ ತಂತಿಗಾಗಲಿ ಬಿಗಿಯಬಾರದು. ಗೇರಿನ ಸೈಕಲ್‌ಗಳ ಬಲಬದಿಗೆ ಯಾವ ಒತ್ತಡವೂ ಬೀಳಬಾರದು. ಪೆಟ್ಟಿಗೆಗಳನ್ನು ಎಂದಿಗೂ ಮಲಗಿಸದೆ ನಿಲ್ಲಿಸಿಯೇ ಜೋಡಿಸಿ, ಮೇಲೆ ತಾಡಪತ್ರಿ ಹೊದಿಸಬೇಕು. ನೆನೆದ ರಟ್ಟು ಭಾರ ತಾಳಲಾರದು.

ಜೋಡಿಸಿದ ಸೈಕಲ್‌ಗಳನ್ನೇ ನಿತ್ಯ ಸಾಗಿಸುವವರು ಗಾಲಿ ಕೂರುವ ಕಬ್ಬಿಣದ ಪಟ್ಟಿಗಳ ಚೌಕಟ್ಟೊಂದನ್ನು ಮಾಡಿಸಿಕೊಳ್ಳಬಹುದು. ಆದರೆ ಅದು ಬಿಚ್ಚಿ ತೆಗೆಯುವಂತಿರಬೇಕು. ನೋಂದಣಿ ಪತ್ರದಲ್ಲಿರುವ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಂ ನಿರ್ಬಂಧಿಸುತ್ತದೆ.

ದಾರಿಯಲ್ಲಿನ ದಂಡ

2019ರ ತಿದ್ದುಪಡಿಯ ಮೂಲಕ ಸೇರಿಸಲಾದ 194(1ಎ) ಕಲಮಿನ ಪ್ರಕಾರ ಸರಕು ವಾಹನದ ಬದಿಗೆ, ಮುಂದಕ್ಕೆ, ಹಿಂದಕ್ಕೆ ಅಥವಾ ಅನುಮತಿಸಿದ ಎತ್ತರವನ್ನು ಮೀರಿ ಚಾಚಿಕೊಂಡಿದ್ದರೆ ರೂ. 20,000 ದಂಡವುಂಟು, ಸರಕನ್ನು ಇಳಿಸುವ ಖರ್ಚೂ ಸೇರುತ್ತದೆ. ಹಿಂಬಾಗಿಲು ತೆರೆದಿಟ್ಟು ಗಾಲಿಗಳನ್ನು ಹೊರಚಾಚಿ ಸಾಗುವ ರೂಢಿ ಎಷ್ಟು ದುಬಾರಿಯೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಮೇಲಿನ ಉದಾಹರಣೆಯಲ್ಲಿ ಇದು 33ಕ್ಕೂ ಹೆಚ್ಚು ಸೈಕಲ್‌ಗಳ ಲಾಭಕ್ಕೆ ಸಮ. ಸರಕು ಜಾರದಂತೆ ಹಿಡಿದುಕೊಳ್ಳಲು ಹಮಾಲರನ್ನು ತೊಟ್ಟಿಯಲ್ಲಿ ಕೂರಿಸುವುದಂತೂ ಸರ್ವಥಾ ಸಲ್ಲದು. ಅವರಿಗೆ ಅಪಾಯವಾದಲ್ಲಿ ವಿಮಾ ಕಂಪನಿ ಹೊಣೆ ನಿರಾಕರಿಸಿ, ಪರಿಹಾರದ ಭಾರ ಮಾಲೀಕನ ಮೇಲೆಯೇ ಬೀಳುವ ಸಂಭವವಿದೆ.

ತೆರಿಗೆ ದಾಖಲೆಗಳು

ಸೈಕಲ್ ಮತ್ತು ಅದರ ಬಿಡಿಭಾಗಗಳ ಮೇಲಿನ ಜಿ.ಎಸ್.ಟಿ. ದರವು 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ಇ-ವೇ ಬಿಲ್ ಅಗತ್ಯವಾಗುವ ರೂ. 50,000ದ ಮಿತಿಯನ್ನು ತೆರಿಗೆ ಸೇರಿಸಿಯೇ ಲೆಕ್ಕ ಹಾಕಬೇಕು. ರೂ. 6,000 ಬೆಲೆಯ 8 ಸೈಕಲ್‌ಗಳ ಮೌಲ್ಯ ರೂ. 48,000 ಎಂದು ನಿಶ್ಚಿಂತರಾಗುವಂತಿಲ್ಲ. ತೆರಿಗೆ ಸೇರಿ ಅದು ರೂ. 50,400 ಆಗುತ್ತದೆ.

ಬಾಡಿಗೆ ಪಿಕಪ್‌ಗಳಲ್ಲಿ ಪದೇ ಪದೇ ಆಗುವ ತಪ್ಪೊಂದಿದೆ. ಗೊತ್ತುಮಾಡಿದ ವಾಹನದ ಬದಲು ಕೊನೆಯ ಗಳಿಗೆಯಲ್ಲಿ ಬೇರೊಂದು ವಾಹನ ಬರುತ್ತದೆ. ಇ-ವೇ ಬಿಲ್ಲಿನಲ್ಲಿ ಹಳೆಯ ಸಂಖ್ಯೆಯೇ ಉಳಿಯುತ್ತದೆ. ಸರಕನ್ನು ತಡೆಹಿಡಿದು 129ನೆಯ ಕಲಮಿನನ್ವಯ ಕ್ರಮ ಜರುಗಿಸಿದರೆ, ಮಾಲೀಕನು ಮುಂದೆ ಬಂದಾಗ ತೆರಬೇಕಾದ ದಂಡ ತೆರಿಗೆಯ ಶೇ. 200. 20 ಸೈಕಲ್‌ಗಳ ಮೇಲಿನ ತೆರಿಗೆ ರೂ. 6,000, ದಂಡ ರೂ. 12,000. ಇದು ಐದು ಟ್ರಿಪ್ಪುಗಳ ಬಾಡಿಗೆ! ವಾಹನ ಹೊರಡುವ ಮುನ್ನ ಸಂಖ್ಯೆಯನ್ನು ತಿದ್ದಲು ತಗಲುವುದು ಕೆಲವೇ ನಿಮಿಷ. ಒಂದೇ ಅಂಗಡಿಯ ಎರಡು ಶಾಖೆಗಳ ನಡುವೆ ಮಾಲು ಸಾಗಿಸುವಾಗಲೂ ಡೆಲಿವರಿ ಚಲನ್ ಇರಬೇಕು. ಮೌಲ್ಯ ಮಿತಿ ಮೀರಿದರೆ ಇ-ವೇ ಬಿಲ್ ಕೂಡ ಬೇಕು.

ನಷ್ಟವಾದರೆ ಯಾರು ಹೊಣೆ?

ವಾಹನದ ವಿಮೆ ಅದರಲ್ಲಿರುವ ಸರಕಿಗೆ ಅನ್ವಯಿಸುವುದಿಲ್ಲ. ರಸೀದಿ ನೀಡುವ ಸಾರಿಗೆ ಸಂಸ್ಥೆಯ ಮೂಲಕ ಕಳುಹಿಸಿದಾಗಲೂ, ಹೆಚ್ಚಿನ ಹೊಣೆಗಾರಿಕೆಯನ್ನು ಮೊದಲೇ ಗೊತ್ತುಪಡಿಸಿಕೊಳ್ಳದಿದ್ದರೆ, ರಸ್ತೆ ಸಾಗಣೆ ನಿಯಮಗಳ ಪ್ರಕಾರ ಅದರ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ. ರೂ. 2,400 ಬಾಡಿಗೆಗೆ ಅದು ರೂ. 24,000 ಮಾತ್ರ, ತೊಟ್ಟಿಯಲ್ಲಿರುವ ಸರಕಿನ ಮೌಲ್ಯ ರೂ. 1,26,000. ದಾವೆ ಹೂಡುವುದಾದರೆ ಸರಕು ಬುಕ್ ಮಾಡಿದ 180 ದಿನಗಳೊಳಗೆ ಲಿಖಿತ ನೋಟಿಸು ಕೊಟ್ಟಿರಬೇಕು. ಉಳಿದ ಅಂತರವನ್ನು ತುಂಬಲು ವ್ಯಾಪಾರಿಯೇ ಸಾಗಣೆ ವಿಮೆ ಮಾಡಿಸಬೇಕು. ಈ ಪಾಲಿಸಿಗಳಲ್ಲಿ ಅಸಮರ್ಪಕ ಪ್ಯಾಕಿಂಗ್‌ನಿಂದಾದ ಹಾನಿಗೆ ಪರಿಹಾರವಿರುವುದಿಲ್ಲ. ಪೆಟ್ಟಿಗೆಯ ವಿಧಾನಕ್ಕೆ ಇದು ಇನ್ನೊಂದು ಸಮರ್ಥನೆ.

ಸ್ವಂತ ವಾಹನವೋ, ಬಾಡಿಗೆಯೋ?

ಸ್ವಂತ ಪಿಕಪ್ ಕೊಂಡರೆ ಸಾಲದ ಕಂತು, ಚಾಲಕನ ಸಂಬಳ, ವಿಮೆ, ತೆರಿಗೆ ಸೇರಿ ತಿಂಗಳಿಗೆ ರೂ. 32,000 ಸ್ಥಿರ ವೆಚ್ಚವೆಂದೂ, ಪ್ರತಿ ಟ್ರಿಪ್ಪಿನ ಇಂಧನ ಮತ್ತು ಸವೆತಕ್ಕೆ ರೂ. 900 ಎಂದೂ ಭಾವಿಸೋಣ. ರೂ. 2,400 ಬಾಡಿಗೆಗೆ ಹೋಲಿಸಿದರೆ ಟ್ರಿಪ್ಪಿಗೆ ಉಳಿಯುವುದು ರೂ. 1,500. ಸ್ಥಿರ ವೆಚ್ಚ ಸರಿದೂಗಲು ತಿಂಗಳಿಗೆ 22 ಟ್ರಿಪ್ಪುಗಳು ಬೇಕು. ತಿಂಗಳಿಗೆ ಐದಾರು ಟ್ರಿಪ್ಪು ನಡೆಸುವ ಅಂಗಡಿಗೆ ಬಾಡಿಗೆಯೇ ಲೇಸು.

ವಾಹನದ ಮೇಲಿನ ಜಿ.ಎಸ್.ಟಿ. ಹಿಂದಿರುಗಿ ಬರುತ್ತದೆಂಬ ಮಾತನ್ನೂ ಪರಾಂಬರಿಸಿ ನೋಡಬೇಕು. ಸರಕು ವಾಹನದ ಮೇಲೆ ತೆತ್ತ ಶೇ. 18 ತೆರಿಗೆಗೆ ಹೂಡುವಳಿ ತೆರಿಗೆ ಜಮೆ ಲಭ್ಯವಿರುವುದು ನಿಜ. ಆದರೆ ಅದು ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಇಲ್ಲ. ರೂ. 6 ಲಕ್ಷದ ವಾಹನಕ್ಕೆ ಜಮೆ ರೂ. 1,08,000. ಸೈಕಲ್ ಮಾರಾಟದಲ್ಲಿ ವ್ಯಾಪಾರಿ ನಿವ್ವಳವಾಗಿ ಕಟ್ಟುವ ತೆರಿಗೆ ರೂ. 600 ಲಾಭಾಂಶದ ಮೇಲಿನ ಶೇ. 5, ಅಂದರೆ ರೂ. 30 ಮಾತ್ರ. ಆ ಜಮೆ ಕರಗಲು 3,600 ಸೈಕಲ್‌ಗಳು ಮಾರಾಟವಾಗಬೇಕು! ಅಲ್ಲಿಯವರೆಗೆ ಆ ಹಣ ಪುಸ್ತಕದಲ್ಲಿಯೇ ಉಳಿದಿರುತ್ತದೆ.

ಬಾಡಿಗೆಯ ವಿಷಯದಲ್ಲಿ, ಸರಕು ರಸೀದಿ ನೀಡುವ ಸಾರಿಗೆ ಏಜೆನ್ಸಿಯು ತಾನೇ ತೆರಿಗೆ ವಿಧಿಸದಿದ್ದಲ್ಲಿ ನೋಂದಾಯಿತ ವ್ಯಾಪಾರಿಯೇ ಶೇ. 5 ತೆರಿಗೆಯನ್ನು ಕಟ್ಟಿ, ನಿಯಮಾನುಸಾರ ಜಮೆ ಪಡೆಯಬೇಕು. ಅಂತಹ ರಸೀದಿ ನೀಡದ ಸ್ಥಳೀಯ ವಾಹನ ಮಾಲೀಕರ ಬಾಡಿಗೆಗೆ ತೆರಿಗೆ ವಿನಾಯಿತಿಯಿದೆ. ಆದರೆ ಅವರಿಂದಲೂ ಸಹಿ ಮಾಡಿದ ವೋಚರು, ವಾಹನದ ಸಂಖ್ಯೆ, ಪ್ಯಾನ್ ವಿವರ ಪಡೆದಿಡುವುದು ಅವಶ್ಯ.

ಕೊನೆಯದಾಗಿ, ಪ್ರತಿ ವ್ಯಾಪಾರಿಯೂ ಒಂದು ಸಣ್ಣ ಪುಸ್ತಕದಲ್ಲಿ ಟ್ರಿಪ್ಪಿನ ದಿನಾಂಕ, ಸೈಕಲ್‌ಗಳ ಸಂಖ್ಯೆ, ಬಾಡಿಗೆ, ಹಮಾಲಿ ಹಾಗೂ ಕೆಟ್ಟು ಬಂದ ಸೈಕಲ್‌ಗಳ ವಿವರವನ್ನು ಬರೆದಿಡುವುದು ಒಳಿತು. ಮೂರು ತಿಂಗಳ ಬರಹವೇ ಯಾವ ವಿಧಾನ ತನಗೆ ತಕ್ಕುದೆಂಬುದನ್ನು ತಿಳಿಸಿಕೊಡುತ್ತದೆ. ಬಾಡಿಗೆಯ ಖರ್ಚು ಚೀಟಿಯಲ್ಲಿ ಕಾಣುತ್ತದೆ. ಗೀರು ಬಿದ್ದ ಸೈಕಲ್ಲಿನ ನಷ್ಟ ಬರೆದಿಟ್ಟವರಿಗೆ ಮಾತ್ರ ಕಾಣುತ್ತದೆ.