ಹ್ಯಾಂಡಲ್ ಎದುರು ಒದೆಯಬೇಕು

ಕತ್ತಲಗೆರೆಯ ಹೆಸರನ್ನು ಹೊರಗಿನವರು ಕೇಳಿರುವುದು ಅಲ್ಲಿನ ಕೃಷಿ ಮತ್ತು ತೋಟಗಾರಿಕೆ ಸಂಶೋಧನಾ ಕೇಂದ್ರದಿಂದ. ಶಿವಮೊಗ್ಗದ ಕೆಳದಿ ಶಿವಪ್ಪ ನಾಯಕ ವಿಶ್ವವಿದ್ಯಾಲಯದ ಕೇಂದ್ರ ಅದು. ಕೇಂದ್ರದ ಗೇಟು ದಾಟಿ ಊರೊಳಗೆ ನಡೆದರೆ ಸಿಗುವುದು ಬೇರೆ ಪಾಠಶಾಲೆ. ಚನ್ನಗಿರಿ ತಾಲ್ಲೂಕಿನ ಈ ಭಾಗದಲ್ಲಿ ಭದ್ರಾ ನಾಲೆಯ ನೀರು ಹರಿಯುವಲ್ಲಿ ಭತ್ತ, ಕೊಳವೆಬಾವಿ ಕೈಹಿಡಿದಲ್ಲಿ ಅಡಿಕೆ. ಎರಡಕ್ಕೂ ಒದಗುವ ಯಂತ್ರ ಪವರ್ ಟಿಲ್ಲರ್. ಟ್ರ್ಯಾಕ್ಟರ್ ಇಳಿದರೆ ಹೂತುಹೋಗುವ ಗದ್ದೆಯಲ್ಲಿ ಅದು ಕೇಜ್ ವೀಲ್ ಕಟ್ಟಿಕೊಂಡು ಕೆಸರು ಮಾಡುತ್ತದೆ, ಟ್ರ್ಯಾಕ್ಟರ್ ತಿರುಗಲು ಜಾಗವಿಲ್ಲದ ತೋಟದ ಸಾಲಿನಲ್ಲಿ ನುಸುಳುತ್ತದೆ. ಹೊಸದನ್ನು ಕೊಳ್ಳಲಾಗದ ಸಣ್ಣ ಹಿಡುವಳಿದಾರನ ಕಣ್ಣು ಹಳೆಯದರ ಮೇಲೆ. ಹಳೆಯದೆಂದ ಕೂಡಲೇ ಮೊದಲು ಬರುವ ಮಾತು, ‘ಕಂಪ್ರೆಷನ್ ಹೇಗಿದೆ?’

ಮಾರಾಟಕ್ಕಿದ್ದ ಅಂಥದೊಂದು ಹಳೆಯ ಟಿಲ್ಲರ್ ಊರಿನ ರೈತರೊಬ್ಬರ ಮನೆಯ ಹಿಂದೆ, ಅಡಿಕೆ ಸೋಗೆಯ ಚಪ್ಪರದಡಿ ನಿಂತಿತ್ತು. ಕೊಳ್ಳಲು ಬಂದವನು ಪಕ್ಕದ ಹಳ್ಳಿಯ ಯುವಕ, ಎರಡೂವರೆ ಎಕರೆ ಗದ್ದೆ ಇರುವವನು. ಜೊತೆಗೆ ಅವನು ಕರೆತಂದ ಮೆಕ್ಯಾನಿಕ್, ಕೈಯ ರೇಖೆಗಳಲ್ಲಿ ಗ್ರೀಸು ಇಳಿದ ಹಿರಿಯರು. ಮಾರುವ ರೈತರಿಗೆ ವಯಸ್ಸಾಗಿದೆ, ಮಗ ದಾವಣಗೆರೆಯಲ್ಲಿ ಕೆಲಸಕ್ಕಿದ್ದಾನೆ, ಟಿಲ್ಲರಿನ ಹಿಂದೆ ನಡೆಯುವವರಿಲ್ಲ.

ಮೆಕ್ಯಾನಿಕ್ ಮಾಡಿದ ಮೊದಲ ಕೆಲಸ ಇಂಜಿನ್ನಿನ ಮೇಲೆ ಅಂಗೈ ಇಟ್ಟಿದ್ದು. ತಣ್ಣಗಿತ್ತು. ‘ನಾವು ಬರೋವರೆಗೂ ಸ್ಟಾರ್ಟ್ ಮಾಡಬೇಡಿ’ ಎಂದು ಹಿಂದಿನ ರಾತ್ರಿಯೇ ಫೋನಿನಲ್ಲಿ ಕೇಳಿಕೊಂಡಿದ್ದರಂತೆ. ಹಳೆಯ ಇಂಜಿನ್ ಕೊಳ್ಳುವವರು ಬೇರೆಲ್ಲ ಮರೆತರೂ ಇದನ್ನು ಮರೆಯಬಾರದು. ಬಿಸಿಯಾದ ಇಂಜಿನ್ನಿನಲ್ಲಿ ಪಿಸ್ಟನ್ ಹಿಗ್ಗಿರುತ್ತದೆ, ಲೈನರಿನ ಗೋಡೆಗೆ ಎಣ್ಣೆ ಹತ್ತಿರುತ್ತದೆ, ಸವೆದ ರಿಂಗೂ ಒಂದಷ್ಟು ಹೊತ್ತು ಗಾಳಿ ತಡೆಯುತ್ತದೆ. ನಿಜ ತಿಳಿಯುವುದು ತಣ್ಣನೆಯ ಇಂಜಿನ್ನಿನಲ್ಲಿ.

‘ಮೊದಲೆಲ್ಲ ಒಂದೇ ಹೊಡೆತಕ್ಕೆ ಎತ್ತುತ್ತಿತ್ತಣ್ಣ. ಈಗ ನಾಲ್ಕೈದು ಸಲ ಹ್ಯಾಂಡಲ್ ಹೊಡೀಬೇಕು. ಇದ್ದದ್ದು ಇದ್ದಂಗೆ ಹೇಳ್ತೀನಿ’ ಎಂದರು ರೈತರು. ಹಾಗೆ ಹೇಳುವ ಮಾರಾಟಗಾರ ಸಿಕ್ಕುವುದು ಅಪರೂಪ. ಅವರ ಮೇಲೆ ನನಗೆ ಆಗಲೇ ಗೌರವ ಹುಟ್ಟಿತು.

ಮೆಕ್ಯಾನಿಕ್ ಹ್ಯಾಂಡಲ್ ಹಾಕಿದರು. ಹೆಬ್ಬೆರಳು ಉಳಿದ ನಾಲ್ಕು ಬೆರಳುಗಳ ಬದಿಗೇ ಇತ್ತು, ಹಿಡಿಯನ್ನು ಸುತ್ತುವರಿದಿರಲಿಲ್ಲ. ಇಂಜಿನ್ ಹಿಂದಕ್ಕೆ ಒದ್ದರೆ ಹೆಬ್ಬೆರಳು, ಮಣಿಕಟ್ಟು ಮುರಿಯದಿರಲು ಈ ಎಚ್ಚರ. ಒಳಗಿನ ಗಾಳಿಯ ಒತ್ತಡ ಬಿಡುವ ಡಿಕಂಪ್ರೆಷನ್ ಲಿವರ್ ಎತ್ತದೆಯೇ ನಿಧಾನವಾಗಿ ತಿರುಗಿಸಿದರು. ಒಳ್ಳೆಯ ಇಂಜಿನ್ನಾದರೆ ಪಿಸ್ಟನ್ ಒಂದು ಹಂತಕ್ಕೆ ಬಂದಾಗ ಹ್ಯಾಂಡಲ್ ಮುಂದೆ ಸಾಗದೆ ಕೈಗೆ ಎದುರು ಒದೆಯಬೇಕು. ಇಲ್ಲಿ ತುಸು ತಡೆಯಿತು, ಆಮೇಲೆ ಮೆತ್ತಗೆ ದಾಟಿಬಿಟ್ಟಿತು. ಯುವಕನ ಮುಖ ಸಪ್ಪಗಾಯಿತು.

ಡೀಸೆಲ್ ಇಂಜಿನ್ನಿಗೆ ಇದು ಯಾಕಿಷ್ಟು ದೊಡ್ಡ ವಿಷಯ? ಅದಕ್ಕೆ ಕಿಡಿ ಕೊಡುವ ಪ್ಲಗ್ ಇಲ್ಲ. ಗಾಳಿಯನ್ನು ಸುಮಾರು ಇಪ್ಪತ್ತರಲ್ಲಿ ಒಂದು ಪಾಲಿಗೆ ಅದುಮಿದಾಗ ಹುಟ್ಟುವ ಕಾವಿಗೇ ಡೀಸೆಲ್ ಹೊತ್ತಿಕೊಳ್ಳಬೇಕು. ಗಾಳಿ ಸೋರಿದರೆ ಕಾವಿಲ್ಲ, ಕಾವಿಲ್ಲದಿದ್ದರೆ ಬೆಂಕಿಯಿಲ್ಲ. ಕರಾವಳಿಯ ನಾಡದೋಣಿಗಳ ಸೀಮೆಎಣ್ಣೆ ಔಟ್‌ಬೋರ್ಡ್ ಮೋಟಾರಿಗೆ ಸ್ಪಾರ್ಕ್ ಪ್ಲಗ್ ಇದೆ. ಕಂಪ್ರೆಷನ್ ಇಳಿದರೂ ಅದು ಹೇಗೋ ಎದ್ದು ಓಡೀತು. ಆದರೆ ಜೂನ್, ಜುಲೈನಲ್ಲಿ ಯಾಂತ್ರೀಕೃತ ದೋಣಿಗಳಿಗೆ ನಿಷೇಧವಿದ್ದಾಗ ಹತ್ತು ಎಚ್‌ಪಿಯೊಳಗಿನ ಮೋಟಾರನ್ನೇ ನಂಬಿ ಅಳಿವೆ ದಾಟುವವರಿಗೆ ಹಳೆಯ ಮೋಟಾರಿನ ಈ ಪ್ರಶ್ನೆ ಜೀವದ ಪ್ರಶ್ನೆ. ಅಲೆ ಏಳುವ ಜಾಗದಲ್ಲಿ ಬಲ ಸಾಲದೆ ಹೋದರೆ ದೋಣಿ ಮಗುಚುತ್ತದೆ. ಕತ್ತಲಗೆರೆಯ ಗದ್ದೆಯಲ್ಲಿ ಜೀವ ಹೋಗುವುದಿಲ್ಲ, ಹಂಗಾಮು ಹೋಗುತ್ತದೆ.

ಕಂಪ್ರೆಷನ್ ಕಡಿಮೆ ಎಂದ ಮಾತ್ರಕ್ಕೆ ಎದ್ದು ಬರುವುದೂ ತಪ್ಪು, ಬೆಲೆ ಇಳಿಯಿತೆಂದು ಹಿಗ್ಗಿ ಕೊಳ್ಳುವುದೂ ತಪ್ಪು. ಕೇಳಬೇಕಾದ್ದು ಒಂದೇ, ಗಾಳಿ ಸೋರುತ್ತಿರುವುದು ಎಲ್ಲಿಂದ? ಮೆಕ್ಯಾನಿಕ್ ಹ್ಯಾಂಡಲನ್ನು ಆ ತಡೆಯುವ ಹಂತಕ್ಕೆ ತಂದು ಒತ್ತಿ ಹಿಡಿದರು. ‘ಏರ್‌ಫಿಲ್ಟರ್ ಬಾಯಿಗೆ ಕಿವಿ ಕೊಡು ತಮ್ಮಾ’ ಎಂದರು. ಅಲ್ಲಿ ಸದ್ದಿಲ್ಲ, ಒಳಗೆಳೆಯುವ ವಾಲ್ವ್ ಕೂತಿದೆ. ಸೈಲೆನ್ಸರಿನಲ್ಲಿ ಸಣ್ಣಗೆ ಸುಯ್ ಎಂದಿತು. ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಅಲ್ಲಿಂದಲೂ ಗಾಳಿ ಮುಖಕ್ಕೆ ಬಡಿಯಿತು. ರೇಡಿಯೇಟರಿನ ನೀರಿನಲ್ಲಿ ಗುಳ್ಳೆ ಏಳಲಿಲ್ಲ, ಹೆಡ್ ಗ್ಯಾಸ್ಕೆಟ್ ಸದ್ಯಕ್ಕೆ ಪಾರು.

ಎರಡು ಕಡೆ ಸೋರಿಕೆ. ಅವರು ಸುಲಭದ್ದನ್ನು ಮೊದಲು ಹಿಡಿದರು. ವಾಲ್ವ್ ಮುಚ್ಚಳ ಬಿಚ್ಚಿ, ಫೀಲರ್ ಗೇಜ್ ತೂರಿಸಿ ನೋಡಿದರೆ ಸೈಲೆನ್ಸರ್ ಕಡೆಯ ಟ್ಯಾಪೆಟ್‌ನಲ್ಲಿ ಸಂದೇ ಇಲ್ಲ. ವರ್ಷಗಟ್ಟಲೆ ಓಡಿದ ವಾಲ್ವ್ ತನ್ನ ಸೀಟಿನೊಳಗೆ ಇಳಿಯುತ್ತ ಹೋದಂತೆ ಆ ಸಂದು ಕಿರಿದಾಗುತ್ತದೆ, ಕೊನೆಗೆ ವಾಲ್ವ್ ಪೂರ್ತಿ ಮುಚ್ಚುವುದೇ ಇಲ್ಲ. ಒಂದು ಸ್ಪ್ಯಾನರ್, ಒಂದು ಸ್ಕ್ರೂಡ್ರೈವರ್, ಕಾಲು ಗಂಟೆ. ಸಂದು ಸರಿಮಾಡಿ ಮತ್ತೆ ತಿರುಗಿಸಿದಾಗ ಹ್ಯಾಂಡಲ್ ಮೊದಲಿಗಿಂತ ಗಟ್ಟಿಯಾಗಿ ನಿಂತಿತು. ಇಷ್ಟು ಚಿಕ್ಕ ಕೆಲಸ ಮಾಡಿಸದೆ ಎಷ್ಟೋ ಒಳ್ಳೆಯ ಇಂಜಿನ್ನುಗಳು ‘ಬೋರಿಗೆ ಬಂದಿವೆ’ ಎಂಬ ಹೆಸರು ಹೊತ್ತು ಗುಜರಿಯ ಬೆಲೆಗೆ ಹೋಗುತ್ತವೆ. ಮಾರುವವರೂ ಇದನ್ನು ತಿಳಿದಿರಬೇಕು.

ಆದರೂ ಅದು ಎದುರು ಒದೆಯಲಿಲ್ಲ. ಈಗ ಎಣ್ಣೆಯ ಪರೀಕ್ಷೆ. ನಾಜಲ್ ಬಿಚ್ಚಿ ಆ ತೂತಿನಿಂದ ಸ್ವಲ್ಪವೇ ಇಂಜಿನ್ ಆಯಿಲ್ ಬಿಟ್ಟು, ನಾಜಲ್ ಮತ್ತೆ ಕೂರಿಸಿ, ಹ್ಯಾಂಡಲ್ ತಿರುಗಿಸಬೇಕು. ಎಣ್ಣೆ ರಿಂಗಿನ ಸುತ್ತ ಕೂತು ಸಂದು ಮುಚ್ಚಿ, ಕಂಪ್ರೆಷನ್ ಏರಿದರೆ ದೋಷ ರಿಂಗು, ಲೈನರಿನಲ್ಲಿದೆ. ಏರದಿದ್ದರೆ ವಾಲ್ವಿನಲ್ಲಿದೆ. ಟಿಲ್ಲರಿನ ಸಿಲಿಂಡರ್ ಮಲಗಿರುವುದರಿಂದ ಎಣ್ಣೆ ಕೆಳಬದಿಗೇ ನಿಲ್ಲುತ್ತದೆ. ಅದಕ್ಕೆ ಅವರು ಲಿವರ್ ಎತ್ತಿಹಿಡಿದು ಹತ್ತಾರು ಸುತ್ತು ತಿರುಗಿಸಿದ ಮೇಲೆಯೇ ನೋಡಿದರು. ಎಣ್ಣೆ ಹೆಚ್ಚು ಬಿದ್ದರೆ ಪಿಸ್ಟನ್ ಅದನ್ನು ಅದುಮಲಾರದೆ ಕನೆಕ್ಟಿಂಗ್ ರಾಡ್ ಬಾಗಬಹುದು ಎಂದೂ ಎಚ್ಚರಿಸಿದರು. ಈ ಸಲ ಹ್ಯಾಂಡಲ್ ಒದೆಯಿತು. ರಿಂಗು ಸವೆದಿದೆ, ಲೈನರೂ ಇರಬಹುದು.

ಕಾರಣ ಏರ್‌ಫಿಲ್ಟರಿನ ಬಟ್ಟಲಲ್ಲಿ ಸಿಕ್ಕಿತು. ದೂಳು ಹಿಡಿಯಲು ಅಲ್ಲಿ ಎಣ್ಣೆ ಇರಬೇಕು. ಇದ್ದದ್ದು ಒಣಗಿದ ಕೆಸರು. ಬೇಸಿಗೆಯ ಒಣ ಉಳುಮೆಯ ದೂಳೆಲ್ಲ ನೇರ ಲೈನರಿಗೆ ಇಳಿದಿದೆ.

ಆಮೇಲೆ ಸ್ಟಾರ್ಟ್ ಮಾಡಿದರು. ಮೊದಲು ಬಿಳಿ ಹೊಗೆ, ಬಿಸಿಯಾದಂತೆ ಅದು ತೆಳುವಾಗಿ ನೀಲಿಗೆ ತಿರುಗಿತು. ನೀಲಿ ಹೊಗೆ ಎಂದರೆ ಆಯಿಲ್ ಸುಡುತ್ತಿದೆ. ಕೊಳವೆಬಾವಿಯ ನೀರು ನಿಂತ ಒಂದು ತುಂಡು ಜಾಗದಲ್ಲಿ ಇಳಿಸಿದಾಗ ಮೂರನೆಯ ಸುತ್ತಿಗೇ ಇಂಜಿನ್ ದಮ್ಮು ಕಟ್ಟಿತು. ಅಂಗಳದಲ್ಲಿ ಓಡಿಸಿ ನೋಡಿ ಕೊಂಡವರಿಗೆ ಇದು ಗೊತ್ತಾಗುವುದೇ ಇಲ್ಲ. ಅಡಿಕೆ ತೋಟದಲ್ಲಿ ಮೇಲ್ಮಣ್ಣು ಕೆದಕುವಷ್ಟಕ್ಕೆ ಇದೇ ಟಿಲ್ಲರ್ ಇನ್ನೂ ಕೆಲಕಾಲ ಬಾಳೀತು. ಭತ್ತದ ಗದ್ದೆ ಇರುವವನಿಗೆ ಆಗದು.

ಇಲ್ಲಿಂದ ಲೆಕ್ಕ ನಾಲೆಯ ಕಡೆ ತಿರುಗುತ್ತದೆ. ಭದ್ರಾ ಅಣೆಕಟ್ಟೆಯ ಪೂರ್ಣ ಮಟ್ಟ 186 ಅಡಿ. ಮುಂಗಾರು ಶುರುವಾದರೆ ಇಲ್ಲಿನ ರೈತರು ಪ್ರತಿದಿನ ಆ ಮಟ್ಟ ಎಷ್ಟಾಯಿತೆಂದು ನೋಡುತ್ತಾರೆ. ನಾಲೆಗೆ ನೀರು ಬಿಟ್ಟ ಮೇಲೆ ಎಲ್ಲರ ಗದ್ದೆಗೂ ಏಕಕಾಲಕ್ಕೆ ಟಿಲ್ಲರ್ ಬೇಕು, ಎಲ್ಲ ಮೆಕ್ಯಾನಿಕ್‌ಗಳೂ ಏಕಕಾಲಕ್ಕೆ ಸಿಗದಾಗುತ್ತಾರೆ. ಇಂಜಿನ್ ಬಿಚ್ಚಿ ವರ್ಕ್‌ಶಾಪಿನಲ್ಲಿಟ್ಟು ನಾಟಿ ತಪ್ಪಿಸಿಕೊಂಡರೆ ಅಗ್ಗದ ಟಿಲ್ಲರ್ ತುಟ್ಟಿಯಾಗುತ್ತದೆ. ಹೊಸ ಟಿಲ್ಲರಿಗೆ ಕೃಷಿ ಇಲಾಖೆಯ ಸಹಾಯಧನ ಸಾಮಾನ್ಯ ವರ್ಗಕ್ಕೆ ಶೇ 50, ಪರಿಶಿಷ್ಟರಿಗೆ ಶೇ 90ರವರೆಗೆ ಇದೆ, ಆದರೆ ಅದಕ್ಕೆ ಸರದಿ ಕಾಯಬೇಕು. ಬಾಡಿಗೆಗೆ ಕೊಡುವ ಕೃಷಿ ಯಂತ್ರಧಾರೆ ಕೇಂದ್ರಗಳಿವೆ, ಊರವರ ಟಿಲ್ಲರುಗಳೂ ಇವೆ. ಈ ಮೂರು ದಾರಿಯನ್ನೂ ಪಕ್ಕಪಕ್ಕ ಇಟ್ಟು ನೋಡಿಯೇ ಹಳೆಯದಕ್ಕೆ ಬೆಲೆ ಕಟ್ಟಬೇಕು. ಚಪ್ಪರದಡಿಯ ಈ ಟಿಲ್ಲರ್ ವಿಎಸ್‌ಟಿಯ 13 ಎಚ್‌ಪಿ ಮಾದರಿ. 1967ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕಂಪನಿಯದು, ಈ ಕಡೆ ಕಾಣುವುದು ಹೆಚ್ಚಾಗಿ ಇದೇ. ಲೈನರ್, ಪಿಸ್ಟನ್, ರಿಂಗು ಸೆಟ್ಟು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಬಿಡಿಭಾಗ ಸಿಗದ ಮಾದರಿಯಾಗಿದ್ದರೆ ನಾನಂತೂ ಅಲ್ಲಿಗೇ ಬೇಡವೆನ್ನುತ್ತಿದ್ದೆ.

‘ಹೆಡ್ ಬಿಚ್ಚೋಣ ಗೌಡ್ರೇ’ ಎಂದ ಯುವಕ. ‘ಲೈನರ್ ಸರಿ ಇದ್ರೆ ರಿಂಗಿನ ದುಡ್ಡು ಮಾತ್ರ ಬಿಡಿ. ಸವೆದಿದ್ರೆ ಪೂರ್ತಿ ಸೆಟ್ಟು, ಕೂಲಿ ಎರಡೂ ಕಳೀಬೇಕು.’ ರೈತರು ಒಂದು ಗಳಿಗೆ ಯೋಚಿಸಿ ಒಪ್ಪಿದರು. ಹೆಡ್ ಬಂದ ಮೇಲೆ ಮೆಕ್ಯಾನಿಕ್ ಲೈನರಿನ ತುದಿಯಲ್ಲಿ ಉಗುರು ಎಳೆದರು. ರಿಂಗು ಓಡಾಡಿದ ಜಾಗ ಮುಗಿಯುವಲ್ಲಿ ಉಗುರು ಸಿಕ್ಕಿಕೊಂಡಿತು. ಅಂದರೆ ಅಲ್ಲೊಂದು ಮೆಟ್ಟಿಲು ಬಿದ್ದಿದೆ. ಹೊಸ ರಿಂಗು ಹಾಕಿದರೂ ಈ ಲೈನರಿನಲ್ಲಿ ನಿಲ್ಲುವುದಿಲ್ಲ. ಕ್ರ್ಯಾಂಕ್ ಹಿಡಿದು ಅಲುಗಾಡಿಸಿ ನೋಡಿದರು, ಆಟವಿರಲಿಲ್ಲ. ಗೇರ್ ಬಾಕ್ಸಿನ ಎಣ್ಣೆಯಲ್ಲಿ ನೀರು ಸೇರಿರಲಿಲ್ಲ.

ಹೇಳಿದ ಬೆಲೆಯಲ್ಲಿ ಸುಮಾರು ಕಾಲುಭಾಗ ಇಳಿಯಿತು. ಈ ನಾಟಿಗೆ ಕೆಸರು ಮಾಡಿಸುವುದು ಬಾಡಿಗೆ ಟಿಲ್ಲರಿನಿಂದಲೇ, ಇದು ಚನ್ನಗಿರಿಯ ವರ್ಕ್‌ಶಾಪಿಗೆ ಹೋಗಿ ಬೇಸಿಗೆ ಬೆಳೆಗೆ ಸಿದ್ಧವಾಗಲಿ ಎಂದು ಯುವಕ ತೀರ್ಮಾನಿಸಿದ. ನನಗೂ ಅದೇ ಸರಿ ಕಂಡಿತು. ಮುಂಗಡ ಕೊಡುವ ಮೊದಲು ಅವನು ಮೂಲ ರಸೀದಿ, ಸಾಲ ತೀರಿದ ಬ್ಯಾಂಕಿನ ಪತ್ರ, ಸಬ್ಸಿಡಿಯಲ್ಲಿ ಬಂದ ಯಂತ್ರವೇ ಎಂಬ ವಿವರ ಕೇಳಿದ. ರೈತರು ಒಳಗೆ ಹೋಗಿ ಕಾಗದದ ಚೀಲ ತಂದು ಒಂದೊಂದೇ ತೆಗೆದು ತೋರಿಸಿದರು. ಬ್ಯಾಂಕಿನ ಪತ್ರ ಮಾತ್ರ ಸಿಗಲಿಲ್ಲ. ಅದು ಕೈಗೆ ಬಂದ ದಿನ ದುಡ್ಡು, ಅಲ್ಲಿವರೆಗೆ ಟಿಲ್ಲರ್ ಚಪ್ಪರದಲ್ಲೇ ಎಂದು ಮಾತಾಯಿತು.