ರೆಕ್ಕೆ ಸರಿದರೂ ಸೊಟ್ಟಗಾಗದ ಭಾರ

ಅಕ್ಕಲಕೋಟೆಗೆ ಹೋದವರು ಸ್ವಾಮಿ ಸಮರ್ಥರ ದರ್ಶನವನ್ನು ಮುಗಿಸಿದ ಮೇಲೆ, ಕಾಲಾವಕಾಶವಿದ್ದರೆ, ಅಲ್ಲಿಯ ಭೋಸಲೆ ಅರಸರ ಶಸ್ತ್ರಾಗಾರವನ್ನೂ ನೋಡಿ ಬರುವುದುಂಟು. ಕಳೆದ ಸಲ ಸೊಲ್ಲಾಪುರದ ಬಂಧುಗಳೊಡನೆ ನಾನು ಅಲ್ಲಿಗೆ ಹೋಗಿದ್ದಾಗ, ನಮ್ಮ ಜೊತೆಗಿದ್ದ ಎಂಟನೆಯ ಇಯತ್ತೆಯ ಹುಡುಗನೊಬ್ಬನು, ಆ ಹಳೆಯ ಖಡ್ಗ ಬಂದೂಕುಗಳ ನಡುವೆ ನಿಂತು, ತನ್ನ ಮೊಬೈಲಿನಲ್ಲಿದ್ದ ಮಿಗ್–27 ವಿಮಾನದ ಚಿತ್ರವನ್ನು ನನ್ನ ಮುಂದೆ ಹಿಡಿದು, “ಕಾಕಾ, ರೆಕ್ಕಿ ಹಿಂದಕ್ಕ ಸರದಾಗ ಕೆಳಗಿನ ಬಾಂಬು ಸೊಟ್ಟ ಆಗೂದಿಲ್ಲೇನ್ರಿ?” ಎಂದು ಕೇಳಿದನು. ಇದು ಬಾಲಿಶವಾದ ಪ್ರಶ್ನೆಯಲ್ಲ. ರೆಕ್ಕೆ ಸರಿಯುವ ಈ ಜಾತಿಯ ವಿಮಾನಗಳನ್ನು ಕುರಿತು ನಮ್ಮಲ್ಲಿ ಹಬ್ಬಿರುವ ಹಲವು ತಪ್ಪು ಕಲ್ಪನೆಗಳ ಬೇರು ಈ ಪ್ರಶ್ನೆಯನ್ನು ಯಾರೂ ಕೇಳದಿರುವುದರಲ್ಲಿಯೇ ಇದೆಯೆಂದು ನನ್ನ ಭಾವನೆ.

ವಿಮಾನವೂ ನಮಗೆ ಪರಕೀಯವಾದುದಲ್ಲ. ಸೋವಿಯತ್ ದೇಶದ ವಿನ್ಯಾಸವನ್ನು ಪಡೆದು, ಹಿಂದುಸ್ತಾನ್ ಏರೋನಾಟಿಕ್ಸ್ ಸಂಸ್ಥೆಯು ಇದೇ ಮಹಾರಾಷ್ಟ್ರದ ನಾಶಿಕದ ಬಳಿಯ ಓಝರಿನಲ್ಲಿ 165 ಮಿಗ್–27ಗಳನ್ನು ಕಟ್ಟಿತು. ‘ಬಹಾದ್ದೂರ್’ ಎಂಬ ಹೆಸರನ್ನು ಹೊತ್ತು ಅವು ವಾಯುಸೇನೆಯಲ್ಲಿ ಮೂರು ದಶಕಗಳಿಗೂ ಮಿಕ್ಕು ದುಡಿದು, 2019ರ ಡಿಸೆಂಬರ್ 27ರಂದು ಜೋಧಪುರದಲ್ಲಿ ನಿವೃತ್ತಿ ಹೊಂದಿದವು.

ಬಾಂಬುಗಳನ್ನೆಲ್ಲ ಚಲಿಸುವ ರೆಕ್ಕೆಯ ಕೆಳಗೇ ತೂಗುಹಾಕಿರುತ್ತಾರೆ, ರೆಕ್ಕೆಯೊಡನೆ ಅವೂ ತಿರುಗುತ್ತವೆ ಎಂಬುದು ಮೊದಲನೆಯ ನಂಬಿಕೆ. ಇದರ ಸತ್ಯಾಸತ್ಯವನ್ನು ಅರಿಯಲು ಯಂತ್ರಶಾಲೆಗೆ ಹೋಗಬೇಕಾದುದಿಲ್ಲ. ಬಲದೋಳನ್ನು ಪಕ್ಕಕ್ಕೆ ನೀಳವಾಗಿ ಚಾಚಿ, ಮುಷ್ಟಿಯಲ್ಲಿ ಪೆನ್ಸಿಲೊಂದನ್ನು ತುದಿ ಮುಂದಾಗುವಂತೆ ಹಿಡಿದು, ಮಣಿಕಟ್ಟನ್ನು ಕದಲಿಸದೆ ತೋಳನ್ನು ಹೆಗಲಿನಿಂದ ಹಿಂದಕ್ಕೆ ಸರಿಸಿದರೆ, ಪೆನ್ಸಿಲಿನ ಮೊನೆಯು ಮುಂದೆ ನೋಡುವುದನ್ನು ಬಿಟ್ಟು ಹೊರಪಕ್ಕಕ್ಕೆ ನೋಡತೊಡಗುತ್ತದೆ. ಮಿಗ್–27ರ ರೆಕ್ಕೆಯು 16, 45, 72 ಡಿಗ್ರಿಗಳ ಮೂರು ನೆಲೆಗಳಲ್ಲಿ ನಿಲ್ಲತಕ್ಕದ್ದು. ಮೊದಲನೆಯದರಿಂದ ಕೊನೆಯದಕ್ಕೆ ಹೋಗುವಷ್ಟರಲ್ಲಿ, ರೆಕ್ಕೆಗೆ ಬಿಗಿದ ಬಾಂಬು ಇದ್ದಿದ್ದರೆ ಅದು 56 ಡಿಗ್ರಿಯಷ್ಟು ಓರೆಯಾಗಿ, ಗಾಳಿಗೆ ಮೂತಿಯನ್ನಲ್ಲದೆ ಪಕ್ಕೆಯನ್ನು ಒಡ್ಡಿಕೊಂಡು ನಿಲ್ಲಬೇಕಾಗುತ್ತಿತ್ತು. ಅಂತಹ ವೇಗದಲ್ಲಿ ಅಂತಹ ಓರೆಯನ್ನು ಸಹಿಸಿಕೊಳ್ಳುವ ಕೊಂಡಿ ಯಾವುದೂ ಇಲ್ಲ.

ಆದ್ದರಿಂದ ವಿನ್ಯಾಸಕಾರರಿಗೆ ಉಳಿದ ಮಾರ್ಗಗಳು ಎರಡೇ. ಒಂದು, ಮಣಿಕಟ್ಟನ್ನೂ ಕೂಡಿಸುವುದು: ರೆಕ್ಕೆಯು ಹಿಂದಕ್ಕೆ ಸರಿದಷ್ಟೂ, ಆಯುಧವನ್ನು ಹೊತ್ತ ಪೈಲಾನು ತನ್ನ ತಿರುಗಣೆಯ ಮೇಲೆ ಅಷ್ಟೇ ಪ್ರಮಾಣದಲ್ಲಿ ವಿರುದ್ಧ ದಿಕ್ಕಿಗೆ ತಿರುಗಿ, ಭಾರದ ಮುಖವನ್ನು ಸದಾ ಮುಂದಕ್ಕೇ ಇರಿಸುವಂತೆ ಮಾಡುವುದು. ಬ್ರಿಟನ್, ಜರ್ಮನಿ, ಇಟಲಿಗಳು ಕೂಡಿ ಕಟ್ಟಿದ ಟೊರ್ನಾಡೊ, ರಷ್ಯದ ಸುಖೋಯ್–24 ಈ ಮಾರ್ಗವನ್ನು ಹಿಡಿದವು. ಅಮೆರಿಕದ ಎಫ್–111ರಲ್ಲಿ ಒಳಬದಿಯ ಪೈಲಾನುಗಳು ಇಂಥವೇ. ಇನ್ನೊಂದು, ಚಲಿಸುವ ಅಂಗದ ಗೊಡವೆಯನ್ನೇ ಬಿಟ್ಟು, ಚಲಿಸದ ಅಂಗದಲ್ಲಿ ಭಾರವನ್ನು ಹೇರುವುದು. ಮಿಗ್–27 ಈ ಎರಡನೆಯ ಪಂಥದ್ದು. ಅದರ ಬಾಂಬುಗಳೂ ರಾಕೆಟ್ಟಿನ ಗೂಡುಗಳೂ ಒಡಲಿನ ಕೆಳಗೆ, ಗಾಳಿ ಸೇದುವ ನಾಳಗಳ ಕೆಳಗೆ, ಮತ್ತು ರೆಕ್ಕೆಯ ಬುಡದಲ್ಲಿ ಮೈಗೆ ಅಂಟಿಕೊಂಡಿರುವ ಅಚಲವಾದ ಭಾಗದ ಕೆಳಗೆ ತೂಗುತ್ತವೆ. ಸುಖೋಯ್–17ರ ಕರ್ತರಾದರೋ ರೆಕ್ಕೆಯ ಹೊರಭಾಗವನ್ನು ಮಾತ್ರ ಚಲಿಸುವಂತೆ ಮಾಡಿ, ಒಳಭಾಗವನ್ನು ಅಗಲವಾಗಿ, ಸ್ಥಿರವಾಗಿ ಉಳಿಸಿಕೊಂಡು, ಅದರಡಿಯಲ್ಲಿ ಆಯುಧಗಳಿಗೆ ಧಾರಾಳವಾದ ತಾವನ್ನು ಕಲ್ಪಿಸಿದರು.

ಭಾರವನ್ನು ಮೈಗೆ ಹತ್ತಿರವಾಗಿ ಇಟ್ಟುಕೊಳ್ಳುವುದರಲ್ಲಿ ಮತ್ತೊಂದು ಲಾಭವುಂಟು. ಸಂಕ್ರಾಂತಿಯ ಹೊತ್ತಿಗೆ ಸೊಲ್ಲಾಪುರದಲ್ಲಿ ಸಿದ್ಧರಾಮೇಶ್ವರನ ಗಡ್ಡಾ ಯಾತ್ರೆಯನ್ನು ಕಂಡವರು, ಏಳು ನಂದಿಧ್ವಜಗಳಲ್ಲಿ ಒಂದನ್ನು ಹೊತ್ತು ಬರುವವನು ಬೀದಿಯ ತಿರುವಿನಲ್ಲಿ ಹೇಗೆ ಹೆಜ್ಜೆಯಿಡುತ್ತಾನೆಂಬುದನ್ನು ನೆನೆಯಲಿ: ಅಷ್ಟು ಎತ್ತರದ ಕೋಲನ್ನು ಅವನು ಮೈಗೆ ಒತ್ತಿ ಹಿಡಿದಿರುತ್ತಾನೆ, ಅದು ಒಂದು ಗೇಣು ದೂರ ಸರಿದರೂ ತೂಕವು ಮೊದಲಿದ್ದಷ್ಟೇ ಇದ್ದು ಹೊರೆಯು ಮಾತ್ರ ಹಲವು ಮಡಿಯಾಗಿಬಿಡುತ್ತದೆ. ರೆಕ್ಕೆಯು ಹಿಂದೆ ಸರಿದಾಗ ವಿಮಾನವನ್ನು ಎತ್ತಿ ಹಿಡಿಯುವ ಬಲದ ಕೇಂದ್ರವೂ ಹಿಂದೆ ಸರಿಯುತ್ತದೆ; ಅದರ ಜೊತೆಗೆ ಬಾಂಬುಗಳ ತೂಕವೂ ಅತ್ತಿತ್ತ ಓಲಾಡಿದರೆ ಚಾಲಕನ ಪಾಡೇನು? ಬಾಂಬುಗಳನ್ನು ಎರಡೂ ಪಕ್ಕಗಳಿಂದ ಸರಿತೂಕ ಕೆಡದಂತೆ ಕ್ರಮವರಿತು ಬೀಳಿಸುವುದೂ, ಅಡ್ಡೆ ಹೊತ್ತವನ ಒಂದೇ ಕಡೆಯ ಕೊಡವನ್ನು ಇಳಿಸಬಾರದೆಂಬ ನ್ಯಾಯದಿಂದಲೇ.

ವಿಮಾನದ ಕೆಳಗೆ ತೂಗುವುದೆಲ್ಲ ಬಾಂಬು ಎಂಬುದು ಇನ್ನೊಂದು ಭ್ರಮೆ. ಗಣರಾಜ್ಯೋತ್ಸವದ ಹಾರಾಟವನ್ನು ಟಿವಿಯಲ್ಲಿ ನೋಡುತ್ತ, ಹೊಟ್ಟೆಯಡಿಯ ದಪ್ಪನೆಯ ಕೊಳವೆಯಂಥ ವಸ್ತುವನ್ನು ತೋರಿಸಿ “ಎಂಥಾ ದೊಡ್ಡ ಬಾಂಬು!” ಎಂದು ಉದ್ಗರಿಸುವವರನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಅದು ಬಹುಮಟ್ಟಿಗೆ ಹೆಚ್ಚಿನ ಇಂಧನದ ಟ್ಯಾಂಕು. ಮಿಗ್–27ರಲ್ಲಿ ಒಂದೊಂದಕ್ಕೆ 800 ಲೀಟರು ಹಿಡಿಸುವಂಥದು. ಇದರಿಂದಲೇ “ಈ ವಿಮಾನವು 4,000 ಕಿಲೋ ಆಯುಧವನ್ನು ಹೊರುತ್ತದೆ” ಎಂಬ ಮಾತಿನ ಅರ್ಥವೂ ವಿಶದವಾಗುತ್ತದೆ. ಆ ಅಂಕೆ ಸುಳ್ಳಲ್ಲ. ಆದರೆ ಅದು ಮೇರೆಯೇ ಹೊರತು ದಿನದ ರೂಢಿಯಲ್ಲ. ಟ್ಯಾಂಕು ತೂಗಿದ ಕೊಂಡಿಗೆ ಬಾಂಬು ತೂಗದು. ಬಾಂಬನ್ನೇ ತುಂಬಿದರೆ ದೂರ ಹೋಗಲು ಎಣ್ಣೆ ಸಾಲದು. ಜೊತೆಗೆ, ಹೊರಗೆ ತೂಗುವ ಒಂದೊಂದು ವಸ್ತುವೂ ಗಾಳಿಗೆ ಅಡ್ಡವಾಗಿ, ಇದ್ದ ಎಣ್ಣೆಯನ್ನೂ ಬೇಗನೆ ಕುಡಿಸುತ್ತದೆ.

ರೆಕ್ಕೆಯನ್ನು ಮಡಿಚುವುದು ಶಬ್ದದ ಎರಡು ಪಟ್ಟು ವೇಗದಲ್ಲಿ ಬಾಂಬು ಹಾಕುವುದಕ್ಕಾಗಿ ಎಂಬ ಮಾತಿಗೂ ಆಧಾರವಿಲ್ಲ. ಕಾದಾಟದ ಮಿಗ್–23ಕ್ಕೆ ಹೇಳುವ ಮ್ಯಾಕ್ 2.35ರ ವೇಗವು ಮೇಲಿನ ತೆಳುಗಾಳಿಯದು, ಬಾಂಬಿನ ಹೊರೆಯಿಲ್ಲದ ಮೈಯದು. ಅದೇ ವಂಶದ ಮಿಗ್–27ನ್ನು ನೆಲದ ಮೇಲಿನ ಗುರಿಗಳಿಗೆಂದು ರೂಪಿಸಿದಾಗ, ಅತಿವೇಗಕ್ಕೆ ಬೇಕಾಗುವ, ಹಿಗ್ಗಿ ಕುಗ್ಗುವ ಗಾಳಿನಾಳಗಳನ್ನು ತೆಗೆದುಹಾಕಿ, ಸರಳವಾದ ಸ್ಥಿರನಾಳಗಳನ್ನು ಇಟ್ಟರು; ವೇಗದ ಹಂಬಲವನ್ನು ಅವರು ತಿಳಿದೇ ತೊರೆದರು. ಹಾಗಾದರೆ ರೆಕ್ಕೆಯೇಕೆ ಚಲಿಸಬೇಕು? ತುಂಬಿದ ಭಾರದೊಡನೆ ರನ್‌ವೇಯಿಂದ ಏಳುವಾಗ ಅದು ಅಗಲವಾಗಿ ಚಾಚಿರಬೇಕು. ನೆಲಕ್ಕೆ ಹತ್ತಿರವಾಗಿ, ದಟ್ಟವಾದ ಗಾಳಿಯಲ್ಲಿ ವೇಗವಾಗಿ ನುಗ್ಗುವಾಗ ಹಿಂದೆ ಸರಿದಿರಬೇಕು. ಮುಂಗಾರಿನ ಬಿರುಗಾಳಿಯಲ್ಲಿ ಬಿಚ್ಚಿದ ಕೊಡೆಯನ್ನು ಹಿಡಿದವನಿಗೂ ಮಡಿಚಿದ ಕೊಡೆಯನ್ನು ಹಿಡಿದವನಿಗೂ ಇರುವ ಅಂತರವೇ ಇಲ್ಲಿಯದು: ಚಾಚಿದ ರೆಕ್ಕೆಯು ಪ್ರತಿಯೊಂದು ಗಾಳಿಯ ಹೊಡೆತಕ್ಕೂ ಕುಲುಕಾಡುತ್ತದೆ, ಹಿಂಸರಿದದ್ದು ಸೀಳಿಕೊಂಡು ಸಾಗುತ್ತದೆ, ಚಾಲಕನ ಗುರಿಯೂ ನಿಲ್ಲುತ್ತದೆ. ಯಾವಾಗ ಎಷ್ಟು ಸರಿಸಬೇಕೆಂಬುದನ್ನು ಮಿಗ್–27ರಲ್ಲಿ ಚಾಲಕನೇ ಎಡಗೈಯ ಸನ್ನೆಕೋಲಿನಿಂದ ನಿಶ್ಚಯಿಸಬೇಕಾಗಿತ್ತು.

ಬಾಂಬು ಬೀಳುವ ಬಗೆಯೂ ನಾವು ಎಣಿಸುವಂತಲ್ಲ. ಕೊಂಡಿಯನ್ನು ಬಿಚ್ಚಿದ ಮಾತ್ರಕ್ಕೆ ಅದು ಕಲ್ಲಿನಂತೆ ಕೆಳಗಿಳಿಯದು. ವಿಮಾನದ ಮೈಸುತ್ತಿನ ಗಾಳಿಯು ಅದನ್ನು ಮತ್ತೆ ಮೈಗೇ ತಂದು ಬಡಿಯುವ ಅಪಾಯವಿರುವುದರಿಂದ, ಎಷ್ಟೋ ಪೈಲಾನುಗಳಲ್ಲಿ ಸಣ್ಣದೊಂದು ಸಿಡಿಮದ್ದಿನ ತೋಟೆಯು ಸಿಡಿದು, ಭಾರವನ್ನು ಬಲವಾಗಿ ಕೆಳಕ್ಕೆ ನೂಕುತ್ತದೆ. ಬಿಟ್ಟ ಮೇಲೆಯೂ ಅದು ವಿಮಾನದ ವೇಗವನ್ನೇ ಹೊತ್ತು ಬಹುದೂರ ಮುಂದಕ್ಕೆ ಹಾರಿ ಬೀಳುತ್ತದೆ.

ನಾನು ಆ ಹುಡುಗನಿಗೆ, ಮಿಗ್–27ರ ಚಲಿಸುವ ರೆಕ್ಕೆಯಲ್ಲಿ ಏನನ್ನೂ ತೂಗುವುದಿಲ್ಲವೆಂದು ಹೇಳಿ ಮುಗಿಸಿದ್ದೆ. ಬಸ್ಸು ಸೊಲ್ಲಾಪುರವನ್ನು ಸಮೀಪಿಸುತ್ತಿರುವಾಗ, ಆ ಮಾತು ಪೂರ್ಣಸತ್ಯವಲ್ಲವೆಂಬುದು ನೆನಪಾಗಿ, ಅವನನ್ನು ಪಕ್ಕಕ್ಕೆ ಕರೆದು ತಿದ್ದಿದೆ. ದೂರದ ಒಂದು ನೆಲೆಯಿಂದ ಇನ್ನೊಂದಕ್ಕೆ ವಿಮಾನವನ್ನು ಸಾಗಿಸುವಾಗ, ಈ ವಂಶದ ಮಿಗ್‌ಗಳ ಚಲಿಸುವ ರೆಕ್ಕೆಗೂ ಇಂಧನದ ಟ್ಯಾಂಕುಗಳನ್ನು ತೂಗುವುದುಂಟು. ಆದರೆ ಆ ಪೈಲಾನು ತಿರುಗುವಂಥದಲ್ಲ. ಅದಿರುವಷ್ಟು ಹೊತ್ತು ರೆಕ್ಕೆಯು 16 ಡಿಗ್ರಿಯಲ್ಲಿಯೇ ಚಾಚಿಕೊಂಡಿರಬೇಕು. ಹಿಂದೆ ಸರಿಸಲೇಬೇಕಾದರೆ ಟ್ಯಾಂಕನ್ನು ಪೈಲಾನುಸಹಿತ ಆಕಾಶದಲ್ಲಿಯೇ ಕಳಚಿ ಬಿಸಾಡಬೇಕು. ಅವನು ತನ್ನ ಪೆನ್ಸಿಲನ್ನು ತೆಗೆದು, ಕಿಟಕಿಯ ಪಕ್ಕದ ಇಕ್ಕಟ್ಟಿನಲ್ಲಿ ತೋಳನ್ನು ಚಾಚಿ, ಅದನ್ನು ಮುಷ್ಟಿಯಿಂದ ತೊಡೆಯ ಮೇಲೆ ಬೀಳಿಸಿ, ಆಮೇಲೆ ತೋಳನ್ನು ಮೆಲ್ಲಗೆ ಹಿಂದಕ್ಕೆ ತಂದನು.