ಸೆರೆಯಾಳುಗಳು ಹೊತ್ತು ತಂದ ಗಂಟು

ಆದಿತ್ಯವಾರ ಬೆಳಿಗ್ಗೆ ಅಬಿಡ್ಸಿನ ಅಂಗಡಿಗಳು ಬಾಗಿಲು ಹಾಕಿರುವಾಗ ಅವುಗಳ ಮುಂದಿನ ಕಾಲುದಾರಿಯ ಮೇಲೆ ಹಳೆಯ ಪುಸ್ತಕಗಳ ಸಂತೆ ನೆರೆಯುವುದನ್ನು ನಮ್ಮ ವಾಚಕರೆಲ್ಲರೂ ಬಲ್ಲರು. ಆ ರಾಶಿಯಲ್ಲಿ ಯುದ್ಧದ ಪುಸ್ತಕಗಳಿಗೆ ಕೊರತೆಯಿಲ್ಲ. ಸೇನಾಪತಿಗಳ ಆತ್ಮಕಥೆ, ಮಂತ್ರಿಗಳ ನೆನಪು, ಗೆದ್ದವರ ಇತಿಹಾಸ ಎಲ್ಲವೂ ಸಿಗುತ್ತವೆ. ಸೋತು ಸೆರೆಸಿಕ್ಕ ಸಾಮಾನ್ಯ ಸಿಪಾಯಿಯು ಕಂಡದ್ದು ಏನು, ಉಂಡದ್ದು ಏನು, ಅದನ್ನು ಅವನು ಆಮೇಲೆ ಏನು ಮಾಡಿದ ಎಂಬುದನ್ನು ಹೇಳುವ ಪುಸ್ತಕ ಮಾತ್ರ ಅಪರೂಪ. ಅಂತಹ ಕೆಲವರ ವಿಷಯವನ್ನು ಇಲ್ಲಿ ತಿಳಿಸುವುದು ನಮ್ಮ ಉದ್ದೇಶ. ಅವರಲ್ಲಿ ಒಬ್ಬರು ಚಿತ್ರ ಬರೆದರು, ಒಬ್ಬರು ರಾಗ ಕಟ್ಟಿದರು, ನಮ್ಮ ಮಂಗಳೂರು ಸೀಮೆಯ ಒಬ್ಬರು ಕಥನ ಬರೆದಿಟ್ಟರು. ನಮ್ಮ ಹೈದರಾಬಾದಿನವರೊಬ್ಬರೂ ಈ ಸಾಲಿನಲ್ಲಿದ್ದಾರೆ.

ಒಂದು ದಿನ, ಒಂದು ಊರು

ಈ ಕಥೆಗಳಲ್ಲಿ ಹೆಚ್ಚಿನವು ಒಂದೇ ದಿನದಿಂದ ಹುಟ್ಟಿದವು. 1941ರ ಡಿಸೆಂಬರಿನಲ್ಲಿ ಮಲಯದ ಉತ್ತರ ತೀರದಲ್ಲಿ ಇಳಿದ ಜಪಾನೀ ಸೇನೆಯು ಎರಡೇ ತಿಂಗಳಲ್ಲಿ ಸಿಂಗಪುರವನ್ನು ಮುಟ್ಟಿತು. 1942ರ ಫೆಬ್ರವರಿ 15ರಂದು ಅಲ್ಲಿನ ಬ್ರಿಟಿಷ್ ಸೇನಾಪತಿ ಶರಣಾದನು. ಎರಡು ದಿನಗಳ ಮೇಲೆ, ಗೋರಾ ಸಿಪಾಯಿಗಳನ್ನು ಒಂದು ಕಡೆಗೂ ಹಿಂದೀ ಸಿಪಾಯಿಗಳನ್ನು ಇನ್ನೊಂದು ಕಡೆಗೂ ಬೇರ್ಪಡಿಸಲಾಯಿತು. ಫೆರರ್ ಪಾರ್ಕ್ ಎಂಬ ಮೈದಾನದಲ್ಲಿ ನೆರೆದ ನಮ್ಮವರ ಸಂಖ್ಯೆ ನಲವತ್ತು ಸಾವಿರಕ್ಕೂ ಮಿಕ್ಕಿತ್ತು. ಅವರ ಮುಂದೆ ಇಟ್ಟ ಪ್ರಶ್ನೆ ಸುಲಭದ್ದಲ್ಲ. ದೇಶದ ಸ್ವಾತಂತ್ರ್ಯಕ್ಕಾಗಿ ಹೊಸದೊಂದು ಸೇನೆಯನ್ನು ಸೇರುವಿರೋ, ಇಲ್ಲ ಹಳೆಯ ಪ್ರಮಾಣವಚನಕ್ಕೆ ಕಟ್ಟುಬಿದ್ದು ಕೈದಿಗಳಾಗಿಯೇ ಉಳಿಯುವಿರೋ? ಕೆಲವರು ಆ ದಾರಿ ಹಿಡಿದರು, ಕೆಲವರು ಈ ದಾರಿ. ಎರಡು ಕಡೆಯಲ್ಲೂ ಹಳ್ಳಿಯ ಮಕ್ಕಳೇ ಇದ್ದರು. ಎರಡು ಕಡೆಯವರೂ ನೋವುಂಡರು.

ಯುದ್ಧಕೈದಿಯೆಂದರೆ ಅಪರಾಧಿಯಲ್ಲ. ಅವನಿಗೆ ಅನ್ನ, ಔಷಧ, ಮನೆಗೆ ಕಾಗದ ಬರೆಯುವ ಅವಕಾಶ ಇವುಗಳನ್ನು ಕೊಡಬೇಕೆಂದು 1929ರ ಜಿನೀವಾ ಒಪ್ಪಂದ ಹೇಳುತ್ತದೆ. ಜಪಾನ್ ಆ ಒಪ್ಪಂದಕ್ಕೆ ರುಜು ಹಾಕಿತ್ತಾದರೂ ಅದನ್ನು ಅಂಗೀಕರಿಸಿ ಜಾರಿಗೆ ತಂದಿರಲಿಲ್ಲ. ಇದರ ಫಲವನ್ನು ಕೈದಿಗಳು ಮೂರೂವರೆ ವರ್ಷ ಅನುಭವಿಸಿದರು. ಆ ಸೆರೆಯಲ್ಲಿ ಕಾಗದದ ಚೂರೊಂದು ಸಿಕ್ಕಿದರೆ ಅದೇ ಭಾಗ್ಯ, ಅದರ ಮೇಲೆ ಬರೆದುದು ಕಾವಲುಗಾರನ ಕಣ್ಣಿಗೆ ಬಿದ್ದರೆ ಪ್ರಾಣಕ್ಕೇ ಸಂಚಕಾರ. ಅವರ ಕೃತಿಗಳನ್ನು ನೋಡುವಾಗ ಈ ಮಾತನ್ನು ಮರೆಯಬಾರದು.

ಹಾಸಿಗೆಯ ಕೆಳಗಿನ ಚಿತ್ರಗಳು

ರೊನಾಲ್ಡ್ ಸರ್ಲ್ ಎಂಬ ಇಂಗ್ಲಿಷ್ ತರುಣ 1920ರಲ್ಲಿ ಕೇಂಬ್ರಿಜ್‌ನಲ್ಲಿ ಹುಟ್ಟಿದವನು. ಚಿತ್ರಕಲೆ ಕಲಿತು ಸೈನ್ಯ ಸೇರಿ, ಸಿಂಗಪುರದಲ್ಲಿ ಸೆರೆಸಿಕ್ಕನು. 1943ರಲ್ಲಿ ಅವನನ್ನು ಸಯಾಮಿನಿಂದ ಬರ್ಮಕ್ಕೆ ಹಾಕುತ್ತಿದ್ದ ರೈಲುದಾರಿಯ ಕೆಲಸಕ್ಕೆ ಕಳುಹಿಸಿದರು. ಸುಮಾರು 415 ಕಿಲೋಮೀಟರು ಉದ್ದದ ಆ ದಾರಿಯ ಕೆಲಸದಲ್ಲಿ ಹನ್ನೆರಡು ಸಾವಿರಕ್ಕೂ ಹೆಚ್ಚು ಮಂದಿ ಯುದ್ಧಕೈದಿಗಳು ಸತ್ತರು. ಮಲಯದ ರಬ್ಬರ್ ತೋಟಗಳಿಂದ ಎಳೆದೊಯ್ದ ತಮಿಳು ಕೂಲಿಗಳೂ ಬರ್ಮ, ಜಾವಾಗಳ ಬಡವರೂ ಅದಕ್ಕಿಂತ ಎಷ್ಟೋ ಪಾಲು ಹೆಚ್ಚಾಗಿ ಸತ್ತರು. ಅವರ ಚಿತ್ರ ಬರೆಯುವವರು ಬಹುಮಟ್ಟಿಗೆ ಯಾರೂ ಇರಲಿಲ್ಲ.

ಸರ್ಲ್ ಹಗಲು ಬಂಡೆ ಒಡೆದು, ಮಲೇರಿಯದಲ್ಲಿ ನಡುಗುತ್ತ, ಸಿಕ್ಕ ಸಿಕ್ಕ ಕಾಗದದ ಮೇಲೆ ಗೆಳೆಯರ ಮುಖಗಳನ್ನೂ ಮೂಳೆಬಿಟ್ಟ ಮೈಗಳನ್ನೂ ಕಾವಲುಗಾರರನ್ನೂ ಬರೆಯುತ್ತಿದ್ದನು. ಬರೆದುದನ್ನು ಕಾಲರಾ ಹಿಡಿದು ಮಲಗಿದವರ ಹಾಸಿಗೆಯ ಕೆಳಗೆ ಬಚ್ಚಿಡುತ್ತಿದ್ದನು. ಸೋಂಕಿನ ಹೆದರಿಕೆಯಿಂದ ಕಾವಲುಗಾರರು ಆ ಕಡೆ ಸುಳಿಯುತ್ತಿರಲಿಲ್ಲ. ಸಾಯುತ್ತಿದ್ದವರೇ ಆ ಚಿತ್ರಗಳನ್ನು ಕಾದರು ಎಂದರೆ ತಪ್ಪಾಗದು. ಹೀಗೆ ಉಳಿದ ಸುಮಾರು 300 ಚಿತ್ರಗಳು ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂನಲ್ಲಿವೆ. ಅವನು ಮುಂದೆ ನಗೆಚಿತ್ರಕಾರನಾಗಿ ಲೋಕಪ್ರಸಿದ್ಧನಾದನು. ಸೆರೆಯ ಚಿತ್ರಗಳ ದೊಡ್ಡ ಪುಸ್ತಕ ಹೊರಬಂದುದು 1986ರಲ್ಲಿ. ತೀರಿಕೊಂಡುದು 2011ರಲ್ಲಿ.

ಅದೇ ಸಿಂಗಪುರದ ಚಾಂಗಿಯಲ್ಲಿ ಸ್ಟಾನ್ಲಿ ವಾರೆನ್ ಎಂಬ ಇನ್ನೊಬ್ಬ ಕೈದಿಯಿದ್ದನು. ಆಸ್ಪತ್ರೆಯಾಗಿ ಮಾರ್ಪಟ್ಟಿದ್ದ ಬ್ಯಾರಕಿನ ಒಂದು ಕೋಣೆಯನ್ನು ಕೈದಿಗಳು ಪ್ರಾರ್ಥನಾಮಂದಿರ ಮಾಡಿಕೊಂಡಿದ್ದರು. ರಕ್ತಭೇದಿಯಿಂದ ನಿಲ್ಲಲಾರದೆ ಇದ್ದ ವಾರೆನ್ 1942-43ರಲ್ಲಿ ಅದರ ಗೋಡೆಗಳ ಮೇಲೆ ಐದು ದೊಡ್ಡ ಚಿತ್ರಗಳನ್ನು ಬರೆದನು. ಬಣ್ಣವೆಲ್ಲಿಂದ ಬರಬೇಕು? ಗೆಳೆಯರು ಕದ್ದುಮುಚ್ಚಿ ತಂದ ಕಂದು ಬಣ್ಣ, ಒಂದಿಷ್ಟು ಕೆಂಪು, ಬಿಳಿ. ನೀಲಿಗೆ ಬಿಲಿಯರ್ಡ್ಸ್ ಆಟದ ಸೀಮೆಸುಣ್ಣದ ಪುಡಿ. ನೀಲಿ ಸಾಲದೆ ಇದ್ದುದರಿಂದ ಅದನ್ನು ಎಲ್ಲಿ ಬಳಸಬೇಕೆಂಬುದನ್ನು ಚಿತ್ರಕಾರನ ಮನಸ್ಸಿನಷ್ಟೇ ಆ ಪುಡಿಯ ಅಳತೆಯೂ ನಿಶ್ಚಯಿಸಿತು.

ಆಮೇಲೆ ಗೋಡೆಗಳಿಗೆ ಸುಣ್ಣ ಬಳಿದರು. ಒಂದು ಚಿತ್ರದ ಕೆಳಭಾಗವನ್ನು ಒಡೆದು ಬಾಗಿಲಿಟ್ಟರು. 1958ರಲ್ಲಿ ಸುಣ್ಣದಡಿಯಿಂದ ಚಿತ್ರಗಳು ಮತ್ತೆ ಕಣ್ಣಿಗೆ ಬಿದ್ದಾಗ ಚಿತ್ರಕಾರನು ಯಾರೆಂದು ಹುಡುಕಬೇಕಾಯಿತು. ಲಂಡನ್ನಿನಲ್ಲಿದ್ದ ವಾರೆನ್ನನಿಗೆ ಆ ಕೋಣೆಗೆ ಮರಳಿ ಕಾಲಿಡಲು ಮನಸ್ಸಿರಲಿಲ್ಲ. ಮರೆಯಲು ಹೆಣಗುತ್ತಿದ್ದುದೆಲ್ಲ ಅಲ್ಲಿ ಗೋಡೆಯ ಮೇಲಿತ್ತು. ಕೊನೆಗೆ 1963ರಲ್ಲಿ ಹೋದನು. ಮತ್ತೆ 1982ರಲ್ಲಿಯೂ 1988ರಲ್ಲಿಯೂ ಹೋಗಿ, ತನ್ನ ಕೈಯ ಹಳೆಯ ಗೆರೆಗಳನ್ನು ತಾನೇ ತಿದ್ದಿ ಉಳಿಸಿದನು.

ಸೇನೆಗೆ ರಾಗ ಕೊಟ್ಟವರು

ಈಗ ಹೊಸ ಸೇನೆಯನ್ನು ಸೇರಿದವರ ಕಡೆಗೆ ತಿರುಗೋಣ. ರಾಮಸಿಂಗ್ ಠಾಕುರಿಯವರು 1914ರ ಆಗಸ್ಟ್ 15ರಂದು ಧರ್ಮಶಾಲೆಯ ಬಳಿಯ ಖನಿಯಾರಾ ಹಳ್ಳಿಯಲ್ಲಿ ಹುಟ್ಟಿದ ಗೂರ್ಖಾ. ಹುಡುಗನಾಗಿರುವಾಗಲೇ ಪಲ್ಟಣ ಸೇರಿ ಅಲ್ಲಿನ ಬ್ಯಾಂಡಿನಲ್ಲಿ ವಾದ್ಯ ಕಲಿತವರು. ಮಲಯದ ಕಾಳಗದಲ್ಲಿ ಸೆರೆಯಾಗಿ, ಆಜಾದ್ ಹಿಂದ್ ಫೌಜನ್ನು ಸೇರಿದರು. ಸುಭಾಷಚಂದ್ರ ಬೋಸರು 1943ರ ಜುಲೈಯಲ್ಲಿ ಸಿಂಗಪುರಕ್ಕೆ ಬಂದು ಫೌಜಿನ ಹೊಣೆ ಹೊತ್ತ ಮೇಲೆ ಅವರಿಗೆ ಒಂದು ಪಿಟೀಲನ್ನು ಬಹುಮಾನವಾಗಿ ಕೊಟ್ಟರು. ‘ಕದಮ್ ಕದಮ್ ಬಢಾಯೇ ಜಾ’ ಎಂಬ ಹಾಡಿಗೆ ರಾಗ ಹಾಕಿದವರು ಇವರೇ. ಬ್ರಿಟಿಷ್ ಬ್ಯಾಂಡಿನಲ್ಲಿ ಕಲಿತ ನಡಿಗೆಯ ತಾಳವನ್ನು ಅವರು ಬ್ರಿಟಿಷರ ಎದುರು ನಡೆಯುವ ಸಿಪಾಯಿಗಳಿಗೆ ಒದಗಿಸಿದರು. ಕೈದಿಯ ಕಸುಬು ಅವನ ಜೊತೆಗೇ ಇರುತ್ತದೆ. ಬಂದೂಕದಂತೆ ಅದನ್ನು ಕಿತ್ತುಕೊಳ್ಳಲು ಬರುವುದಿಲ್ಲ.

ರವೀಂದ್ರರ ‘ಜನಗಣಮನ’ದ ಭಾವವನ್ನು ಹಿಂದೂಸ್ತಾನಿಯಲ್ಲಿ ತಂದ ‘ಶುಭ ಸುಖ ಚೈನ್’ ಎಂಬ ಗೀತೆಗೂ ವಾದ್ಯಸ್ವರೂಪ ಕೊಟ್ಟವರು ರಾಮಸಿಂಗರು. ಅದರ ಮಾತುಗಳನ್ನು ಮುಮ್ತಾಜ್ ಹುಸೇನರೊಡನೆ ಕೂಡಿ ಹೊಂದಿಸಿದವರು ನಮ್ಮ ಹೈದರಾಬಾದಿನ ಆಬಿದ್ ಹಸನ್ ಸಫ್ರಾನಿಯವರು. (ಅಬಿಡ್ಸಿಗೆ ಈ ಹೆಸರು ಬಂದುದು ಇವರಿಂದ ಎಂದು ಯಾರೂ ಎಣಿಸಬಾರದು, ಅದು ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಬಳಿಯಿದ್ದ ಆಲ್ಬರ್ಟ್ ಆಬಿದರ ಅಂಗಡಿಯಿಂದ ಬಂದ ಹೆಸರು.) 1911ರಲ್ಲಿ ಹುಟ್ಟಿದ ಆಬಿದ್ ಹಸನರು ಜರ್ಮನಿಗೆ ಎಂಜಿನಿಯರಿಂಗ್ ಓದಲು ಹೋಗಿ ಅಲ್ಲಿ ಬೋಸರ ಕಾರ್ಯದರ್ಶಿಯಾದರು. 1943ರಲ್ಲಿ ಬೋಸರು ಜಲಾಂತರ್ಗಾಮಿಯಲ್ಲಿ ಜರ್ಮನಿಯಿಂದ ಪೂರ್ವಕ್ಕೆ ಹೊರಟಾಗ ಜೊತೆಗಿದ್ದ ಭಾರತೀಯರು ಇವರೊಬ್ಬರೇ. ‘ಜೈ ಹಿಂದ್’ ಎಂಬ ವಂದನೆಯನ್ನು ಸೂಚಿಸಿದ ಕೀರ್ತಿಯೂ ಇವರದೇ. ಧ್ವಜದ ಕೇಸರಿಯ ನೆನಪಿಗಾಗಿ ಸಫ್ರಾನಿ ಎಂಬ ಹೆಸರನ್ನು ಸೇರಿಸಿಕೊಂಡರು.

1944ರಲ್ಲಿ ಇಂಫಾಲದ ಕಡೆಯಿಂದ ಫೌಜು ಹಿಮ್ಮೆಟ್ಟಿದಾಗ ಮಳೆ, ಹಸಿವು, ಜ್ವರಗಳ ಕಾಡಿನಲ್ಲಿ ನಡೆದವರಲ್ಲಿ ಇವರೂ ಒಬ್ಬರು. ಯುದ್ಧದ ಕೊನೆಗೆ ಇವರನ್ನೂ ಬ್ರಿಟಿಷರು ಸೆರೆಯಲ್ಲಿಟ್ಟರು. ಸ್ವಾತಂತ್ರ್ಯ ಬಂದ ಮೇಲೆ ವಿದೇಶಾಂಗ ಸೇವೆಯಲ್ಲಿದ್ದು, ನಿವೃತ್ತರಾಗಿ ನಮ್ಮ ಊರಿಗೆ ಮರಳಿದರು. ಆ ಹಿಮ್ಮೆಟ್ಟಿಕೆಯ ನೆನಪನ್ನು ಇಂಗ್ಲಿಷಿನಲ್ಲಿ ಚಿಕ್ಕ ಪುಸ್ತಕವಾಗಿ ಬರೆದರು; 1971ರಲ್ಲಿ ಕಲ್ಕತ್ತೆಯ ನೇತಾಜಿ ಸಂಶೋಧನಾ ಸಂಸ್ಥೆಯವರು ಅದನ್ನು ಪ್ರಕಟಿಸಿದರು. ಸೋತ ಸೇನೆಯ ನಡಿಗೆಯನ್ನು, ನಡೆದವರೊಬ್ಬರು ಹೇಳಿದ ಪುಸ್ತಕವದು. ಅವರು 1984ರಲ್ಲಿ ತೀರಿಕೊಂಡರು. ರಾಮಸಿಂಗರು ಬಹುಕಾಲ ಲಖನೌದಲ್ಲಿದ್ದು 2002ರಲ್ಲಿ ತೀರಿಕೊಂಡರು. ಅವರ ರಾಗಕ್ಕೆ ನಮ್ಮ ಸೇನೆ ಇಂದಿಗೂ ಹೆಜ್ಜೆ ಹಾಕುತ್ತದೆ.

ಮಂಗಳೂರಿನವರ ಕಥನ

ಫೌಜನ್ನು ಸೇರದೆ ಉಳಿದವರ ಗತಿ ಏನಾಯಿತು? ಇದನ್ನು ತಿಳಿಯಲು ನಮಗಿರುವ ಮುಖ್ಯ ಸಾಕ್ಷ್ಯಗಳಲ್ಲಿ ಒಂದು ಕನ್ನಡ ಕರಾವಳಿಯವರದು ಎಂಬುದು ನಮ್ಮಲ್ಲಿ ಬಹುಮಂದಿಗೆ ತಿಳಿಯದು. ಜಾನ್ ಬ್ಯಾಪ್ಟಿಸ್ಟ್ ಕ್ರಾಸ್ತಾ ಅವರು ಮಂಗಳೂರು ಸೀಮೆಯವರು. ಸೈನ್ಯದ ಕೆಲಸದಲ್ಲಿದ್ದು ಸಿಂಗಪುರದಲ್ಲಿ ಸೆರೆಯಾದರು. ಮುಂದೆ ಅವರನ್ನೂ ಇತರ ಹಿಂದೀ ಕೈದಿಗಳನ್ನೂ ಹಡಗಿನ ಹೊಟ್ಟೆಯಲ್ಲಿ ತುಂಬಿ, ಆಸ್ಟ್ರೇಲಿಯದ ಈಶಾನ್ಯಕ್ಕಿರುವ ನ್ಯೂ ಬ್ರಿಟನ್ ದ್ವೀಪಕ್ಕೆ ಸಾಗಿಸಿದರು. ಅಲ್ಲಿ ಅವರನ್ನು ಕೈದಿಗಳಂತಲ್ಲ, ಕೂಲಿಗಳಂತೆ ದುಡಿಸಿದರು. ಮೇಲಿನಿಂದ ಮಿತ್ರರಾಷ್ಟ್ರಗಳದೇ ಬಾಂಬು, ಕೆಳಗೆ ಹಸಿವು, ಬೆರಿಬೆರಿ, ಏಟು. ಪುಸ್ತಕದ ಹೆಸರೇ ಹೇಳುವಂತೆ, ನರಮಾಂಸಭಕ್ಷಣೆಯ ಭಯಾನಕ ಸಂಗತಿಯೂ ಅದರಲ್ಲಿ ಬರುತ್ತದೆ. 1945ರಲ್ಲಿ ಆಸ್ಟ್ರೇಲಿಯದ ಸೇನೆ ಬಂದು ಬದುಕುಳಿದವರನ್ನು ಬಿಡಿಸಿತು.

ಕ್ರಾಸ್ತಾ ಅವರು ಊರಿಗೆ ಬಂದವರೇ, 1946ರಲ್ಲಿ, ನೆನಪು ಹಸಿಯಾಗಿರುವಾಗಲೇ ಕಂಡದ್ದನ್ನೆಲ್ಲ ಇಂಗ್ಲಿಷಿನಲ್ಲಿ ಬರೆದಿಟ್ಟರು. ಬರೆದುದು ಅಚ್ಚಾಗಲಿಲ್ಲ. ಹಸ್ತಪ್ರತಿ ಮನೆಯಲ್ಲಿಯೇ ಸುಮಾರು ಐವತ್ತು ವರ್ಷ ಉಳಿಯಿತು. 1990ರ ದಶಕದ ಕೊನೆಯಲ್ಲಿ, ಅವರಿಗೆ ಎಂಬತ್ತು ದಾಟಿದ ಮೇಲೆ, ಕಾದಂಬರಿಕಾರರಾದ ಮಗ ರಿಚರ್ಡ್ ಕ್ರಾಸ್ತಾ ಅದನ್ನು ಪ್ರಕಟಿಸಿದರು. ಅದರಲ್ಲಿ ಸಾಹಿತ್ಯದ ಅಲಂಕಾರವನ್ನು ಹುಡುಕಬೇಕಾಗಿಲ್ಲ. ಎಷ್ಟು ಅಕ್ಕಿ ಕೊಟ್ಟರು, ಯಾರು ಹೊಡೆದರು, ಯಾರು ಸತ್ತರು ಎಂದು ಲೆಕ್ಕ ಒಪ್ಪಿಸುವವನಂತೆ ಹೇಳುವ ಕಥನವದು. ಅದರ ಬಲವೂ ಅದೇ.

ಇಲ್ಲಿ ಒಂದು ಮಾತು ಹೇಳಬೇಕು. ಆಬಿದ್ ಹಸನರ ಪುಸ್ತಕವನ್ನು ಓದಿದರೆ ಫೌಜು ತ್ಯಾಗದ ಮೂರ್ತಿಯಾಗಿ ಕಾಣುತ್ತದೆ. ಸೇರದೆ ಉಳಿದವರ ಮಾತು ಕೇಳಿದರೆ ಸೇರಿಸಿಕೊಳ್ಳಲು ನಡೆದ ಒತ್ತಾಯವೂ ತಿಳಿಯುತ್ತದೆ. ಒಬ್ಬರ ಮಾತನ್ನು ಹಿಡಿದು ಇನ್ನೊಬ್ಬರನ್ನು ದ್ರೋಹಿಯೆನ್ನುವುದು ಸುಲಭ. ಆದರೆ ಇಬ್ಬರೂ ಆ ಒಂದೇ ಸೋಲಿನ ಬಲೆಗೆ ಸಿಕ್ಕವರು. ಎರಡನ್ನೂ ಓದಿದವನಿಗೇ ಆ ಕಾಲ ಅರ್ಥವಾದೀತು. ವಾಚನಾಲಯದ ಕಪಾಟಿನಲ್ಲಿ ಇವೆರಡೂ ಅಕ್ಕಪಕ್ಕದಲ್ಲಿರಬೇಕೆಂದು ನಮ್ಮ ಆಸೆ.

ಕಲೆಯಿಂದ ಆಗುವುದೇನು?

ಕೈದಿಯು ಏಕೆ ಬರೆಯುತ್ತಾನೆ ಎಂಬ ಪ್ರಶ್ನೆಗೆ ಈ ನಿದರ್ಶನಗಳಿಂದ ಮೂರು ಉತ್ತರಗಳು ಹೊರಡುತ್ತವೆ. ಮೊದಲನೆಯದು ಸಾಕ್ಷ್ಯ. ಸರ್ಲ್ ಮತ್ತು ಕ್ರಾಸ್ತಾ ಅವರು, ತಾವು ಹೇಳದಿದ್ದರೆ ಸತ್ತವರ ಪರವಾಗಿ ಹೇಳುವವರಿಲ್ಲವೆಂದು ಬರೆದವರು. ಎರಡನೆಯದು ಧೈರ್ಯ. ವಾರೆನ್ನನ ಗೋಡೆ, ರಾಮಸಿಂಗರ ರಾಗ ಇವು ಆ ದಿನ ಬದುಕಿರುವವರಿಗಾಗಿ ಹುಟ್ಟಿದವು. ಮೂರನೆಯದು ಇನ್ನೂ ಗೂಢವಾದುದು: ಸೆರೆಯು ಮನುಷ್ಯನ ಬಾಳಿನ ದಾರಿಯನ್ನೇ ತಿರುಗಿಸುತ್ತದೆ. ಇಟಲಿಯ ಆಲ್ಬೆರ್ತೊ ಬುರ್ರಿ ಸೈನ್ಯದ ವೈದ್ಯ. 1943ರಲ್ಲಿ ಟ್ಯುನೀಸಿಯದಲ್ಲಿ ಸೆರೆಯಾಗಿ ಅಮೆರಿಕದ ಟೆಕ್ಸಾಸಿನ ಶಿಬಿರ ಸೇರಿದಾಗ ಚಿತ್ರ ಬರೆಯಲು ತೊಡಗಿದನು. ಊರಿಗೆ ಮರಳಿದ ಮೇಲೆ ವೈದ್ಯವೃತ್ತಿಯನ್ನು ಬಿಟ್ಟು, ಹರಿದ ಗೋಣಿಚೀಲಗಳನ್ನು ಹೊಲಿದು ಚೌಕಟ್ಟಿಗೆ ಬಿಗಿದ ಕೃತಿಗಳಿಂದ ಹೆಸರಾದನು. ನೋಡುವವರಿಗೆ ಅವು ಗಾಯಕ್ಕೆ ಹಾಕಿದ ಹೊಲಿಗೆಯಂತೆ ಕಾಣುತ್ತವೆ. ಅವನು ಮಾತ್ರ ಹಾಗೆ ಅರ್ಥ ಹೇಳಲು ಒಪ್ಪುತ್ತಿರಲಿಲ್ಲ.

ನಮ್ಮ ನಾಡಿನ ಆಮೇಲಿನ ಯುದ್ಧಗಳಲ್ಲಿಯೂ ಇದೇ ಕಂಡುಬಂದಿದೆ. 1962ರ ಅಕ್ಟೋಬರಿನಲ್ಲಿ ಚೀನೀಯರ ಸೆರೆಗೆ ಸಿಕ್ಕ ಬ್ರಿಗೇಡಿಯರ್ ಜಾನ್ ದಳವಿಯವರು ಮುಂದಿನ ವರ್ಷ ಬಿಡುಗಡೆಯಾಗಿ ಬಂದು, 1969ರಲ್ಲಿ ‘ಹಿಮಾಲಯನ್ ಬ್ಲಂಡರ್’ ಪುಸ್ತಕವನ್ನು ಪ್ರಕಟಿಸಿದರು. ಸರ್ಕಾರ ಅದನ್ನು ಕೆಲಕಾಲ ನಿಷೇಧಿಸಿತ್ತು. ರವಿ ಬೆಳಗೆರೆಯವರ ಅನುವಾದದಿಂದ ಅದು ಕನ್ನಡಿಗರ ಮನೆಮನೆಗೂ ತಲುಪಿತು.

ವಾಚಕರಲ್ಲಿ ಒಂದು ಬಿನ್ನಹ

ಫೆರರ್ ಪಾರ್ಕಿನಲ್ಲಿ ನಿಂತ ನಲವತ್ತು ಸಾವಿರ ಮಂದಿಯಲ್ಲಿ ಬರೆದಿಟ್ಟವರು ಬೆರಳೆಣಿಕೆಯಷ್ಟು. ಉಳಿದವರು ಮನೆಗೆ ಬಂದು, ಪೆಟ್ಟಿಗೆ ಇಳಿಸಿ, ಸುಮ್ಮನಾದರು. ಈಗ ಅವರಲ್ಲಿ ಬಹುತೇಕ ಯಾರೂ ಉಳಿದಿಲ್ಲ. ಉಳಿದಿರುವುದು ಪೆಟ್ಟಿಗೆ.

ಸಿಕಂದರಾಬಾದು, ತಿರುಮಲಗಿರಿ, ಬೊಲಾರಮ್‌ಗಳ ದಂಡಿನ ಸಂಬಂಧವುಳ್ಳ ಕನ್ನಡ ಮನೆತನಗಳು ನಮ್ಮ ಸಂಘದಲ್ಲಿಯೂ ಇವೆ. ಅಜ್ಜನ ಟ್ರಂಕಿನಲ್ಲಿ ಸೆರೆಯಿಂದ ಬಂದ ಒಂದು ಕಾರ್ಡು, ಪೆನ್ಸಿಲಿನಲ್ಲಿ ಗೀಚಿದ ಚಿತ್ರ, ಮೋಡಿ ಅಕ್ಷರದ ಟಿಪ್ಪಣಿ, ತಗಡಿನಲ್ಲಿ ಮಾಡಿದ ಡಬ್ಬಿ, ಹೀಗೆ ಏನಾದರೂ ಇದ್ದರೆ ದಯವಿಟ್ಟು ರದ್ದಿಯವನಿಗೆ ಹಾಕಬೇಡಿ. ಅಂಟುಪಟ್ಟಿ ಹಚ್ಚಬೇಡಿ, ಅದರ ಅಂಟು ಕಾಲಕ್ರಮದಲ್ಲಿ ಕಾಗದವನ್ನೇ ತಿನ್ನುತ್ತದೆ. ತೇವವಿಲ್ಲದ ಕಡೆ ಮಡಿಕೆ ಬಿಡಿಸಿ ಇಡಿ. ಯಾರದು, ಯಾವ ವರ್ಷದ್ದು, ಎಲ್ಲಿಂದ ಬಂತು ಎಂಬುದನ್ನು ಮನೆಯ ಹಿರಿಯರನ್ನು ಕೇಳಿ, ಬೇರೆ ಕಾಗದದಲ್ಲಿ ಬರೆದು ಜೊತೆಗಿಡಿ. ಹಸ್ತಪ್ರತಿಯೊಂದು ಐವತ್ತು ವರ್ಷ ಕಾದು ಪುಸ್ತಕವಾದುದನ್ನು ಕಂಡೆವಷ್ಟೆ. ಆ ಮನೆಯಲ್ಲಿ ಯಾರೋ ಅದನ್ನು ಎಸೆಯದೆ ಇಟ್ಟಿದ್ದರು.